64 ಫೋಟೊದಲ್ಲಿ ಕಾಣದ ತಗಡು

ಆನ್‌ಲೈನ್ ಹರಾಜಿನ ಪುಟದಲ್ಲಿ ಆ ಹಳೇ ಫಿಯಟ್ ಕಾರಿನ 64 ಫೋಟೊ ಇದ್ದವು. ಮುಂದಿನಿಂದ, ಹಿಂದಿನಿಂದ, ಸಂಜೆ ಬಿಸಿಲಲ್ಲಿ, ತೆಂಗಿನ ತೋಟದ ಪಕ್ಕ, ಸ್ಟೀರಿಂಗ್ ಹತ್ತಿರದಿಂದ, ಸೀಟಿನ ಹೊಲಿಗೆ ಹತ್ತಿರದಿಂದ. ಕಾರಿನ ಅಡಿಗೆ ಮೊಬೈಲ್ ಇಟ್ಟು ತೆಗೆದದ್ದು ಒಂದೂ ಇರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ದುಡ್ಡು ಕಟ್ಟಿ, ಕಾರು ಮೈಸೂರಿಗೆ ಬಂದು, ಬನ್ನಿಮಂಟಪದ ಗ್ಯಾರೇಜಿನಲ್ಲಿ ಇಳಿದ ದಿನ.

1969ರ ಫಿಯಟ್ 1100 ಡಿಲೈಟ್. ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯಿತಲ್ಲ, ಅದೇ ಕಾರು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಮಾಡುತ್ತಿತ್ತು. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ಮುಂದೆಯೂ ಉದ್ದ ಸೀಟು. ಪಾಂಡವಪುರದ ಕಡೆ ನಮ್ಮ ದೊಡ್ಡಪ್ಪನ ಮನೆಯಲ್ಲಿ ಇಂಥದ್ದೇ ಒಂದಿತ್ತು. ಭಾನುವಾರ ಕೆಆರ್‌ಎಸ್‌ಗೆ ಎಂಟು ಜನ ಅದರಲ್ಲೇ ಹೋಗುತ್ತಿದ್ದೆವು, ಮುಂದಿನ ಸೀಟಿನಲ್ಲಿ ದೊಡ್ಡಪ್ಪ ದೊಡ್ಡಮ್ಮನ ನಡುವೆ ನಾನು, ಗೇರ್ ಹಾಕುವಾಗ ದೊಡ್ಡಪ್ಪನ ಮೊಣಕೈ ನನ್ನ ಭುಜಕ್ಕೆ ತಾಗುತ್ತಿತ್ತು. ಕಬ್ಬಿನ ದುಡ್ಡು ಸರಿಯಾಗಿ ಕೈಗೆ ಬರದ ಒಂದು ವರ್ಷ ಅದನ್ನು ಮಾರಿದರು. ಆಗಿನಿಂದ ನನಗೆ ಒಂದು ಫಿಯಟ್ ಬೇಕು ಅನ್ನೋದು ಮನಸ್ಸಲ್ಲಿ ಕೂತುಬಿಟ್ಟಿತ್ತು.

ಹರಾಜಿಗೆ ಬಂದ ಈ ಕಾರಿಗೆ ಹಳೇ ನಂಬರೇ ಇತ್ತು, ಎಂವೈ ಅಂತ ಶುರುವಾಗೋದು. ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಅಂತ ಹೆಸರಾಗುವ ಮುಂಚಿನ ನಂಬರು. ಅದನ್ನು ನೋಡಿದ ಮೇಲೆ ಬೇರೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು, ಹೋದ 30 ವರ್ಷದಿಂದ ಕರಾವಳಿಯ ಊರಿನಲ್ಲಿದೆ ಅಂತ. ಓದಿದೆ, ಮುಂದಕ್ಕೆ ಹೋದೆ. ಅಲ್ಲೇ ನಿಲ್ಲಬೇಕಿತ್ತು. ಕಡಲ ಪಕ್ಕದ ಗಾಳಿಯಲ್ಲಿ ಉಪ್ಪಿದೆ, ಮಳೆ ಅಂತೂ ಕೇಳೋದೇ ಬೇಡ. ಇವೆರಡೂ ಸೇರಿ ಹಳೇ ಕಾರಿನ ತಗಡನ್ನು ಒಳಗಿಂದ ತಿನ್ನುತ್ತವೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ಹವೆಯಲ್ಲಿ ನಿಂತ ಕಾರು ಬಿಸಿಲಿಗೆ ಬಣ್ಣ ಕಳೆದುಕೊಂಡು ನೋಡೋಕೆ ಸಪ್ಪೆ ಅನಿಸಬಹುದು, ಆದರೆ ಅದರ ಮೈ ಗಟ್ಟಿ ಇರುವ ಸಾಧ್ಯತೆ ಜಾಸ್ತಿ.

ಹರಾಜು ಮುಗಿಯೋದು ರಾತ್ರಿ 8ಕ್ಕೆ ಅಂತಿತ್ತು. ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಮತ್ತೆ ಎರಡು ನಿಮಿಷ ಬೆಳೆಯುತ್ತೆ. ಹಾಗೆ ಬೆಳೆದು ಬೆಳೆದು 8.20 ಆಯಿತು. 3 ಲಕ್ಷಕ್ಕೆ ನಿಲ್ಲಬೇಕು ಅಂದುಕೊಂಡವನು 3,40,000ಕ್ಕೆ ನಿಂತೆ. ಕಾರು ನನ್ನದಾಯಿತು. ಅದರ ಮೇಲೆ ಹರಾಜಿನವರ ಶುಲ್ಕ, ಸಾಗಿಸೋ ಲಾರಿಯ ಬಾಡಿಗೆ ಬೇರೆ. ಷರತ್ತಿನಲ್ಲಿ ಸ್ಪಷ್ಟವಾಗಿ ಬರೆದಿತ್ತು, ಮಾಲು ಇದ್ದಲ್ಲಿ ಇದ್ದ ಹಾಗೆ, ಆಮೇಲೆ ಯಾವ ತಕರಾರೂ ನಡೆಯಲ್ಲ ಅಂತ.

ಮೂರನೇ ದಿನ ಬೆಳಗ್ಗೆ ಲಾರಿ ಬಂತು. ರಾತ್ರಿಯೆಲ್ಲ ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಹುಣಸೂರು ದಾಟಿ ಬಂದಿತ್ತು. ದೂರದಿಂದ ನೋಡಿದರೆ ಫೋಟೊದಲ್ಲಿ ಇದ್ದ ಹಾಗೇ ಇತ್ತು. ಬಿಳಿ ಬಣ್ಣ ಫಳಫಳ. ನಾನು ಮೇಸ್ತ್ರಿಗೆ ಕೀ ಕೊಟ್ಟು ಸ್ಟಾರ್ಟ್ ಮಾಡಿ ನೋಡಿ ಅಂದೆ. ಅವರು ಕೀಯನ್ನು ಜೇಬಿಗೆ ಹಾಕಿಕೊಂಡರು.

"ಇಂಜಿನ್ ಆಮೇಲೆ ಸಾರ್. ಮೊದ್ಲು ತಗಡು ನೋಡೋಣ."

ಜೇಬಿನಿಂದ ಒಂದು ಪುಟ್ಟ ಮ್ಯಾಗ್ನೆಟ್ ತೆಗೆದರು. ಹಳೇ ಸ್ಪೀಕರಿನಿಂದ ಬಿಚ್ಚಿದ್ದು, ಬಣ್ಣಕ್ಕೆ ಗೀರು ಬೀಳದಿರಲಿ ಅಂತ ಸುತ್ತ ಬಟ್ಟೆ ಕಟ್ಟಿತ್ತು. ಟಾಪಿಗೆ ಇಟ್ಟರು, ಹಿಡಿದುಕೊಂಡಿತು. ಬಾನೆಟ್ಟಿಗೆ ಇಟ್ಟರು, ಹಿಡಿಯಿತು. ಮುಂದಿನ ಚಕ್ರದ ಹಿಂದೆ, ಬಾಗಿಲು ಶುರುವಾಗೋ ಜಾಗದಲ್ಲಿ ಕೆಳಗೆ ಇಟ್ಟರು. ಬಿದ್ದುಹೋಯಿತು. ಎತ್ತಿ ಒಂದು ಅಂಗೈಯಷ್ಟು ಹಿಂದಕ್ಕೆ ಇಟ್ಟರು. ಮತ್ತೆ ಬಿತ್ತು. ಹಾಗೇ ಬಾಗಿಲ ಕೆಳಗಿನ ಪಟ್ಟಿ, ಅಂದರೆ ರನ್ನಿಂಗ್ ಬೋರ್ಡಿನ ಉದ್ದಕ್ಕೂ ಹಿಂದಿನ ಚಕ್ರದ ತನಕ ಹೋದರು. ಒಂದೆರಡು ಕಡೆ ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ. ಅಷ್ಟೂ ಜಾಗ ತುಕ್ಕು ಮುಚ್ಚೋಕೆ ಮೆತ್ತಿದ ಪುಟ್ಟಿ, ಅದಕ್ಕೆ ಮ್ಯಾಗ್ನೆಟ್ ಹಿಡಿಯಲ್ಲ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿಸಿದರು. ಬಾಗಿಲ ಮೇಲ್ಭಾಗದಲ್ಲಿ ತಗಡು ಟಣ್ ಅಂತಿತ್ತು. ಕೆಳಗೆ ಒದ್ದೆ ಗೋಡೆ ತಟ್ಟಿದ ಹಾಗೆ ಡಬ್ ಡಬ್.

ಕಾರನ್ನು ಎತ್ತಿದಾಗ ಅಡಿಯೆಲ್ಲ ಕಪ್ಪಗೆ, ಹೊಸದಾಗಿ, ದಪ್ಪಗೆ ಕೋಟಿಂಗ್ ಹೊಡೆದಿತ್ತು. ನನಗೆ ಸಮಾಧಾನ ಆಯಿತು, ಚೆನ್ನಾಗಿ ನೋಡಿಕೊಂಡಿದ್ದಾರಲ್ಲ ಅಂತ. ಮೇಸ್ತ್ರಿ ಸ್ಕ್ರೂಡ್ರೈವರ್ ತಗೊಂಡು ಜಾಕ್ ಕೊಡೋ ಜಾಗದ ಪಕ್ಕ ಮೆಲ್ಲಗೆ ಒತ್ತಿದರು. ಜೋರು ಮಾಡಲೇ ಇಲ್ಲ. ಹಪ್ಪಳ ಮುರಿದ ಸದ್ದಾಗಿ ಸ್ಕ್ರೂಡ್ರೈವರ್ ಅರ್ಧ ಒಳಗೆ ಹೋಯಿತು, ಕೆಂಪು ಪುಡಿ ಅವರ ಮುಂಗೈ ಮೇಲೆ ಉದುರಿತು. ಡ್ರೈವರ್ ಕಾಲಿಡೋ ಜಾಗದ ಮ್ಯಾಟ್ ಎತ್ತಿದರೆ ಕೆಳಗೆ ಅಲ್ಯೂಮಿನಿಯಂ ಹಾಳೆ. ರಿವೆಟ್ ಹೊಡೆದು ಕೂರಿಸಿದ್ದರು, ಅಂಚಿಗೆ ಎಂ-ಸೀಲ್ ಮೆತ್ತಿದ್ದರು.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ಫಿಯಟ್ಟಿಗೆ ಬೇರೆ ಚಾಸಿ ಇಲ್ಲ. ಜೀಪಿಗೆ, ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಕೆಳಗೆ ಕಬ್ಬಿಣದ ಫ್ರೇಮ್ ಇದೆ, ಅದರ ಮೇಲೆ ಬಾಡಿ ಕೂತಿರುತ್ತೆ. ಫಿಯಟ್ಟಿನಲ್ಲಿ, ಅಂಬಾಸಿಡರಿನಲ್ಲೂ ಅಷ್ಟೇ, ಬಾಡಿಯೇ ಭಾರ ಹೊರಬೇಕು. ರನ್ನಿಂಗ್ ಬೋರ್ಡು, ಫ್ಲೋರು ಇವೇ ಅದರ ಬೆನ್ನುಮೂಳೆ. ಅವು ಹೋದರೆ ಕಾರು ನಡುವಿನಲ್ಲಿ ಸ್ವಲ್ಪ ಸ್ವಲ್ಪವೇ ಜಗ್ಗುತ್ತೆ. ಜಗ್ಗಿದ್ದು ಮೊದಲು ಗೊತ್ತಾಗೋದು ಬಾಗಿಲಿನಲ್ಲಿ. ನನ್ನ ಕಾರಿನ ಡ್ರೈವರ್ ಬಾಗಿಲನ್ನು ಒಂಚೂರು ಮೇಲಕ್ಕೆ ಎತ್ತಿ ಹಾಕಿದರೆ ಮಾತ್ರ ಲಾಕ್ ಕೂರುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಕೀ ಹಾಕಿದರು. ಎರಡೇ ತಿರುವಿಗೆ ಇಂಜಿನ್ ಹತ್ತಿತು. ಹೊಗೆಯಿಲ್ಲ, ಟಪಟಪ ಇಲ್ಲ, ಮಿಷನ್ ಹೊಲಿದ ಹಾಗೆ ಸದ್ದು. ಮೇಸ್ತ್ರಿ ಅದನ್ನು ಕೇಳಿಸಿಕೊಂಡು ಸುಮ್ನೆ ನಿಂತರು. "ಉಲ್ಟಾ ಆಗಿದ್ರೆ ಚೆನ್ನಾಗಿತ್ತು ಸಾರ್" ಅಂದರು. "ಇಂಜಿನ್ ಹೋಗಿದ್ರೆ ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಹಾಕಿ ಒಂದು ತಿಂಗಳಲ್ಲಿ ಕೊಡ್ತಿದ್ದೆ. ತಗಡು ಹಂಗಲ್ಲ. ಒಂದು ಕಡೆ ಬಿಚ್ಚಿದ್ರೆ ಇನ್ನೊಂದು ಕಡೆ ಕಾಣ್ಸುತ್ತೆ."

ಅವತ್ತು ರಾತ್ರಿ ಮನೆಗೆ ಬಂದು ಆ 64 ಫೋಟೊಗಳನ್ನು ಮತ್ತೆ ಒಂದೊಂದಾಗಿ ನೋಡಿದೆ. ನಿಜ ಹೇಳಬೇಕು ಅಂದರೆ ಅರ್ಧ ಕಥೆ ಅವುಗಳಲ್ಲೇ ಇತ್ತು. 17ನೇ ಫೋಟೊದಲ್ಲಿ ಮುಂದಿನ ಬಾಗಿಲಿನ ಹಿಂದಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಎರಡು ಬಾಗಿಲಿನ ನಡುವಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಬಾಗಿಲು ಜೋತಿದೆ ಅಥವಾ ಬಾಡಿಯೇ ಜಗ್ಗಿದೆ. 22ರಲ್ಲಿ 50 ವರ್ಷದ ಕಾರಿಗೆ ನಿನ್ನೆ ಅಂಗಡಿಯಿಂದ ತಂದಂಥ ಮ್ಯಾಟ್. 31ರಲ್ಲಿ ಕಿಟಕಿಯ ರಬ್ಬರ್ ಬೀಡಿಂಗ್ ಅಂಚಿಗೆ ಬಿಳಿ ಬಣ್ಣದ ಧೂಳು ಕೂತಿತ್ತು, ಅಂದರೆ ರಬ್ಬರ್ ಬಿಚ್ಚದೆ ಅವಸರದಲ್ಲಿ ಪೇಂಟ್ ಹೊಡೆದಿದ್ದಾರೆ. ಹತ್ತು ಹನ್ನೆರಡು ಫೋಟೊದಲ್ಲಿ ಕಾರು ಆಗ ತಾನೇ ತೊಳೆದು ಒದ್ದೆಯಾಗಿತ್ತು. ಒದ್ದೆ ಕಾರಿನ ಮೇಲೆ ಪೇಂಟಿನ ಏರುಪೇರು ಕಾಣಲ್ಲ, ಎಲ್ಲವೂ ಹೊಸದರ ಹಾಗೆ ಹೊಳೆಯುತ್ತೆ. ಇಂಜಿನ್ ಸ್ಟಾರ್ಟ್ ಮಾಡಿದ ಒಂದು ವಿಡಿಯೊ ಇತ್ತು, ಅದು ಶುರುವಾಗೋ ಹೊತ್ತಿಗೇ ಇಂಜಿನ್ ಓಡುತ್ತಿತ್ತು.

ಮಾರಿದವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ. ಫೋಟೊ ಅಂದರೆ ಮಾರುವವರಿಗೆ ತೋರಿಸಬೇಕು ಅನಿಸಿದ್ದು. ಹಳೇ ಕಾರಿನ ನಿಜವಾದ ಸ್ಥಿತಿ ಇರೋದು ಯಾರೂ ಕ್ಯಾಮೆರಾ ಹಿಡಿಯದ ಜಾಗಗಳಲ್ಲಿ, ಅದನ್ನು ಕೇಳಿ ತರಿಸಿಕೊಳ್ಳಬೇಕಾದವರು ಕೊಳ್ಳುವವರು. ಅಮೆರಿಕದ ಬ್ರಿಂಗ್ ಎ ಟ್ರೈಲರ್‌ನಂಥ ಹರಾಜುಗಳಲ್ಲಿ ಅಡಿಯ ಫೋಟೊ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡೋ ವಿಡಿಯೊ ಇಲ್ಲದಿದ್ದರೆ ನೋಡುವವರೇ ಬಿಡದೆ ಕೇಳುತ್ತಾರೆ. ನಮ್ಮಲ್ಲೂ ಹಾಗೆ ಕೇಳುವ ಅಭ್ಯಾಸ ಬರಬೇಕು ಅಂತ ನನಗೆ ತುಂಬಾ ಅನಿಸುತ್ತೆ.

ಮುಂದಿನ ತಿಂಗಳೇ ಸರಸ್ವತಿಪುರಂನಲ್ಲಿರೋ ನನ್ನ ಗೆಳೆಯ ಇನ್ನೊಂದು ಹರಾಜಿನಲ್ಲಿ ಒಂದು ಅಂಬಾಸಿಡರ್ ನೋಡಿ ಫೋನ್ ಮಾಡಿದ. ನಾನು ಅವನಿಗೆ, ಬಿಡ್ ಹಾಕಬೇಡ, ಮೊದಲು ಮಾರುವವರಿಗೆ ಮೆಸೇಜ್ ಮಾಡು ಅಂದೆ. ಇಬ್ಬರೂ ಕೂತು ಬರೆದೆವು. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡೋ ವಿಡಿಯೊ ಬೇಕು, ಶುರುವಿನಲ್ಲಿ ಇಂಜಿನ್ ಮೇಲೆ ಕೈ ಇಟ್ಟು ತಣ್ಣಗಿದೆ ಅಂತ ತೋರಿಸಿ, ಆಮೇಲೆ ಮೊಬೈಲನ್ನು ಸೈಲೆನ್ಸರ್ ಹತ್ತಿರ ತಗೊಂಡು ಹೋಗಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅದು ಕಾರ್ಬುರೇಟರ್ ಸರಿ ಮಾಡಿದರೆ ಹೋಗಬಹುದು. ಬಿಳಿ ಹೊಗೆ ಚಳಿಗೆ ಸ್ವಲ್ಪ ಹೊತ್ತು ಬಂದು ನಿಂತರೆ ಪರವಾಗಿಲ್ಲ, ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ ಅಂತ ಅನುಮಾನ ಪಡಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಕೆಳಗಿನ ತಗಡು ತೋರಿಸಿ ಅಂತ ಕೇಳಿದೆವು. ಮ್ಯಾಟ್ ಎಲ್ಲ ಎತ್ತಿ. ನಾಲ್ಕೂ ಬಾಗಿಲು ಒಂದೊಂದೇ ಕೈಯಲ್ಲಿ ತೆಗೆದು ಹಾಕಿ. ಟಯರಿನ ಪಕ್ಕದ ನಾಲ್ಕು ಅಂಕಿ ತೋರಿಸಿ. 1214 ಅಂತಿದ್ದರೆ ಅದು 2014ರ 12ನೇ ವಾರ ತಯಾರಾದ ಟಯರು, ಟಯರಿನ ಗೀರು ಎಷ್ಟೇ ಆಳ ಇದ್ದರೂ ಅದರ ಮೇಲೆ ಹೈವೇಗೆ ಹೋಗೋ ಹಾಗಿಲ್ಲ.

ಇನ್ನೊಂದು ಕೇಳಿದೆವು, ಅದನ್ನು ನಾನು ಯಾವತ್ತೂ ಬಿಡಲ್ಲ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ನಂಬರ್ ಕೊರೆದ ಜಾಗದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಕ್ಷರ ಮೂಡುತ್ತೆ, ಆರ್‌ಟಿಒ ಕೆಲಸ ಮಾಡಿಸಿದ ಎಲ್ಲರಿಗೂ ಗೊತ್ತಿರೋದೇ. ಅದನ್ನು ಅವತ್ತಿನ ದಿನಪತ್ರಿಕೆ ಪಕ್ಕ ಇಟ್ಟು ಫೋಟೊ ಕಳಿಸಿ ಅಂದೆವು. ಆರ್‌ಸಿಯಲ್ಲಿರೋ ನಂಬರಿಗೆ ಅದು ಅಕ್ಷರ ಅಕ್ಷರ ತಾಳೆಯಾಗಬೇಕು. ಇಂಜಿನ್ ಬದಲಾಗಿದ್ದರೆ ಅದೂ ಆರ್‌ಸಿಯಲ್ಲಿ ಏರಿರಬೇಕು. ಹಳೇ ಪುಸ್ತಕದ ಆರ್‌ಸಿ ಆದರೆ ವಿವರ ಕಂಪ್ಯೂಟರಿಗೆ ಏರಿದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಹೆಸರು ಬದಲಾಯಿಸೋಕೆ ಹೋದಾಗ ಓಡಾಟ. 50 ವರ್ಷ ದಾಟಿದ ಕಾರಿಗೆ ಇದು ಇನ್ನೂ ಮುಖ್ಯ. 2021ರಲ್ಲಿ ಕೇಂದ್ರ ತಂದ ನಿಯಮದ ಪ್ರಕಾರ ಅಂಥ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಹಳೇ ನಂಬರನ್ನೂ ಉಳಿಸಿಕೊಳ್ಳಬಹುದು, ಆದರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು.

ಅಂಬಾಸಿಡರ್ ಮಾಲೀಕರು ಎಲ್ಲದಕ್ಕೂ ಉತ್ತರ ಕೊಟ್ಟರು. ಅಂಗಳದಲ್ಲಿ ಚಾಪೆ ಹಾಕಿಕೊಂಡು ಮಲಗಿ ಕಾರಿನ ಅಡಿಯ ವಿಡಿಯೊ ತೆಗೆದಿದ್ದರು, ಟಾರ್ಚ್ ಹಿಡಿದವರು ಅವರ ಮಗಳು, "ಅಪ್ಪಾ, ಇಲ್ಲಿ ತುಕ್ಕು ಇದೆ, ಇದನ್ನೂ ತೆಗಿ" ಅನ್ನೋದು ಕೇಳಿಸುತ್ತಿತ್ತು. ಗೆಳೆಯ ಮರುಮಾತಾಡದೆ ಬಿಡ್ ಹಾಕಿದ. ಆ ಕಾರಿನಲ್ಲಿ ತುಕ್ಕು ಇರಲಿಲ್ಲ ಅಂತಲ್ಲ. ಎಲ್ಲಿದೆ ಅಂತ ಗೊತ್ತಿತ್ತು, ಅಷ್ಟು ಸಾಕು, ಖರ್ಚು ಲೆಕ್ಕ ಹಾಕಿ ಅದಕ್ಕೆ ತಕ್ಕ ಬೆಲೆಗೆ ನಿಲ್ಲಬಹುದು. ಸಾಧ್ಯ ಆದರೆ ಆ ಊರಿನ ಒಬ್ಬ ಮೇಸ್ತ್ರಿಗೆ ಸಾವಿರ ರೂಪಾಯಿ ಕೊಟ್ಟು ಕಳಿಸಿ ನೋಡಿಸೋದು ಇನ್ನೂ ಒಳ್ಳೇದು. ಲಕ್ಷಗಟ್ಟಲೆ ಸುರಿಯುವಾಗ ಆ ಸಾವಿರಕ್ಕೆ ಹಿಂದೆ ಮುಂದೆ ನೋಡಬಾರದು.

ನನ್ನ ಫಿಯಟ್ಟನ್ನು ಗುಜರಿಗೆ ಹಾಕಿ ಅಂದವರಿದ್ದರು. ಆಗಲಿಲ್ಲ. ಟಿಂಕರ್ ಕೆಲಸ ಏಳು ತಿಂಗಳು ಹಿಡಿಯಿತು. ಎರಡೂ ಕಡೆಯ ರನ್ನಿಂಗ್ ಬೋರ್ಡ್ ಕತ್ತರಿಸಿ, ಕಾರು ಮಡಚಿಕೊಳ್ಳದ ಹಾಗೆ ಒಳಗೆ ಪೈಪಿನ ಆಸರೆ ಕೊಟ್ಟು, ಹೊಸ ತಗಡನ್ನು ಹಳೇ ಅಳತೆಗೇ ಮಡಚಿ ವೆಲ್ಡ್ ಮಾಡಿದರು. ಪುಟ್ಟಿ ಕೆರೆಯುವಾಗ ಬಿಳಿ ಬಣ್ಣದ ಕೆಳಗೆ ತಿಳಿನೀಲಿ, ಅದರ ಕೆಳಗೆ ಕೆನೆ, ಎಲ್ಲದಕ್ಕಿಂತ ಕೆಳಗೆ ಕಡು ಹಸಿರು ಸಿಕ್ಕಿತು. ಡ್ಯಾಶ್‌ಬೋರ್ಡಿನ ಹಿಂದೆ ಯಾರ ಕೈಯೂ ಹೋಗದ ಕಡೆಯೂ ಅದೇ ಹಸಿರು. ಅದನ್ನೇ ಹೊಡೆಸಿದೆ. ತಗಡಿನ ಕೆಲಸಕ್ಕೇ 1,80,000 ಆಯಿತು, ಬಿಡ್ ಹಾಕುವಾಗ ನನ್ನ ಲೆಕ್ಕದಲ್ಲಿ ಇಲ್ಲದ ದುಡ್ಡು ಅದು.

ಕೆಲಸ ಮುಗಿದ ವಾರ ದೊಡ್ಡಪ್ಪನನ್ನು ಗ್ಯಾರೇಜಿಗೆ ಕರೆದುಕೊಂಡು ಬಂದೆ. ಅವರಿಗೆ ಈಗ 81. ಒಂದು ಸುತ್ತು ಹಾಕಿ ನೋಡಿದರು, ಏನೂ ಮಾತಾಡಲಿಲ್ಲ. ಡ್ರೈವರ್ ಬಾಗಿಲು ತೆಗೆದು ಕೂತರು. ಗೇರ್ ಹಿಡಿಯ ಮೇಲೆ ಕೈ ಇಟ್ಟು ಒಂದು, ಎರಡು, ಮೂರು, ನಾಲ್ಕು ಅಂತ ಹಾಕಿ ನೋಡಿದರು. ಆಮೇಲೆ ಬಾಗಿಲನ್ನು ಎರಡು ಬೆರಳಿನಲ್ಲಿ ಎಳೆದುಕೊಂಡರು. ಟಪ್ ಅಂತ ಕೂತಿತು.

"ಏನ್ಲಾ ನಿಂತಿದ್ದೀಯಾ, ಆ ಕಡೆಯಿಂದ ಹತ್ತು" ಅಂದರು.