ಪಡುವಣದ ಗೋಡೆಗೆ ಮರ ಹೊಡೆಸಿ ಕಲಿತದ್ದು

ಸ್ಕ್ರೂಡ್ರೈವರ್ ತುದಿಯನ್ನು ಹಲಗೆಗೆ ಒತ್ತಿದೆ. ಕಳಿತ ಬಾಳೆಹಣ್ಣಿಗೆ ಒತ್ತಿದ ಹಾಗೆ ಒಳಗೆ ಹೋಯಿತು. ಅದು ಸಾಗುವಾನಿ ಹಲಗೆ. ಗೋಡೆಗೆ ಕೂರಿಸಿ ಮೂರೇ ಮಳೆಗಾಲ ಆಗಿತ್ತು. ಆ ಗೋಡೆಯ ನಕ್ಷೆ ಬರೆದವನು ನಾನು.

ನಾನು ಮಲೆನಾಡಿನಲ್ಲಿ ಮನೆಗಳ ವಿನ್ಯಾಸ ಮಾಡುತ್ತೇನೆ. ಹದಿನಾರು ವರ್ಷವಾಯಿತು. ಮನೆಯ ಹೊರಮೈಗೆ ಮರ ಬೇಕು ಎಂದು ಕೇಳುವವರು ಈಗ ಜಾಸ್ತಿ. ಅವರಿಗೆಲ್ಲ ಮೊದಲು ಈ ಮನೆಯ ಕಥೆ ಹೇಳುತ್ತೇನೆ. ಇಲ್ಲೂ ಅದನ್ನೇ ಬರೆಯುತ್ತಿದ್ದೇನೆ.

ಮನೆ ಇದ್ದದ್ದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಆ ಮನೆಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು, ಅವರ ಅಮ್ಮ ಊರಿನಲ್ಲಿ. ಹಳೆ ಮನೆಯ ಪಕ್ಕದಲ್ಲೇ ಹೊಸ ಮನೆ. ಮಗ ಮೊಬೈಲಿನಲ್ಲಿ ನಾರ್ವೆಯ ಮನೆಗಳ ಫೋಟೋ ತೋರಿಸಿದರು. ನೆಲದಿಂದ ಮಾಡಿನವರೆಗೆ ಸೀದಾ ಮರದ ಗೋಡೆ, ಸೂರು ಅನ್ನುವುದೇ ಕಾಣದ ಅಂಚು. ತುಂಬ ಚೆಂದ ಇತ್ತು. ನನಗೂ ಅಂಥದ್ದೊಂದು ಮಾಡುವ ಆಸೆ ಇತ್ತು.

ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಮೇಲಿಂದ ಕೆಳಗೆ ಉದ್ದಕ್ಕೆ ಹಲಗೆ ಹೊಡೆಸಿದೆ. ಸ್ಲ್ಯಾಬ್ ಹೊರಚಾಚಿದ್ದು ಬರೀ 6 ಇಂಚು. ಹಲಗೆಯ ಹಿಂದೆ ಪ್ಲೈವುಡ್, ಅದರ ಹಿಂದೆ ಗೋಡೆ. ಎಲ್ಲ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿತ್ತು. ಕಬ್ಬಿಣದ ಮೊಳೆ ಹೊಡೆದೆವು. ಮೇಲೆ ಹೊಳೆಯುವ ವಾರ್ನಿಶ್ ಮೂರು ಕೋಟ್. ಗೃಹಪ್ರವೇಶದ ದಿನ ಬಂದವರೆಲ್ಲ ಆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಪ್ರತಿ ಮೊಳೆಯ ಕೆಳಗೂ ಕಪ್ಪು ಗೆರೆ ಇಳಿದಿತ್ತು. ಮರದೊಳಗಿನ ಒಗರಿಗೂ ಕಬ್ಬಿಣಕ್ಕೂ ನೀರು ಸೇರಿದರೆ ಹೀಗೇ ಕಪ್ಪಾಗುತ್ತದೆ. ಎರಡನೇ ವರ್ಷ ವಾರ್ನಿಶ್ ಗುಳ್ಳೆ ಎದ್ದು ಸುಲಿಯಿತು. ಮೂರನೇ ವರ್ಷ ಮರಗೆಲಸದ ಆಚಾರ್ರನ್ನು ಕರೆದುಕೊಂಡು ಹೋಗಿ ಹಲಗೆ ಕೀಳಿಸಿದೆ. ಹಿಂಭಾಗದ ತುಂಬ ಬಿಳಿ ಬೂಷ್ಟು, ಬೇರಿನ ಹಾಗೆ ಹರಡಿಕೊಂಡಿತ್ತು. ಪ್ಲೈವುಡ್ ಪದರ ಪದರವಾಗಿ ಕೈಗೆ ಬಂತು.

"ಮರಕ್ಕೆ ಒಣಗೋಕೆ ಜಾಗವೇ ಬಿಟ್ಟಿಲ್ವಲ್ಲ ಮಾರಾಯ್ರೆ. ನೆಂದದ್ದು ಎಲ್ಲಿಗೆ ಹೋಗಬೇಕು?" ಎಂದರು ಆಚಾರ್ರು.

ಅಮ್ಮ ಜಗುಲಿಯಿಂದ ನೋಡುತ್ತಿದ್ದರು. "ಅಲ್ಲ ತಮ್ಮ, ಆ ಬದಿಗೆ ನಾವು ಪ್ರತಿ ವರ್ಷ ಎರಚಲು ಬಾರದ ಹಾಗೆ ಸೋಗೆ ತಟ್ಟಿ ಕಟ್ತಿದ್ವಿ. ನೀನು ಅಲ್ಲಿಗೇ ಮರ ಹಾಕಿದ್ದೀಯ" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಹೆಚ್ಚು ನೋವಾಯಿತು. ಆ ಹಲಗೆಗಳನ್ನು ನಮ್ಮ ಖರ್ಚಿನಲ್ಲೇ ಬದಲಿಸಿಕೊಟ್ಟೆ.

ಮೊದಮೊದಲು ನಾನು ಮಳೆಯನ್ನೇ ದೂರಿದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ, ಇಲ್ಲಿ ಮರ ಹೇಗೆ ತಾನೇ ಉಳಿದೀತು ಅಂತ. ಆದರೆ ಆ ಮಾತು ನಿಲ್ಲಲಿಲ್ಲ. ನಾರ್ವೆಯ ಬರ್ಗನ್ ಊರಿನಲ್ಲೂ ವರ್ಷಕ್ಕೆ 2000 ಮಿ.ಮೀ.ಗಿಂತ ಜಾಸ್ತಿ ಮಳೆ, ಅಲ್ಲಿ ಸಾಲು ಸಾಲು ಮರದ ಮನೆಗಳಿವೆ. ಚಳಿ ಇರುವ ಕಾರಣ ಅಲ್ಲಿ ಬೂಷ್ಟು ನಿಧಾನ, ಅದು ನಿಜ. ಆದರೆ ಅವರು ಹಲಗೆಯ ಹಿಂದೆ ಗಾಳಿ ಓಡಾಡಲು ಸಂದು ಬಿಡುತ್ತಾರೆ. ಫೋಟೋದಲ್ಲಿ ಆ ಸಂದು ಕಾಣುವುದಿಲ್ಲ. ನಾನು ಕಂಡದ್ದನ್ನಷ್ಟೇ ನಕಲು ಮಾಡಿದ್ದೆ.

ನಾರ್ವೆವರೆಗೂ ಹೋಗಬೇಕಾಗಿಯೇ ಇರಲಿಲ್ಲ. ಉತ್ತರ ಐವತ್ತು ಹೆಜ್ಜೆ ಆಚೆ ಇತ್ತು. ಅದೇ ಅಂಗಳದ ಹಳೆ ಮನೆಯಲ್ಲಿ ಹಲಸಿನ ಕಂಬಗಳು, ಮರದ ಮುಚ್ಚಿಗೆ, ಕಂಬದ ತಲೆಯ ಕೆತ್ತಿದ ಬೋದಿಗೆ ಎಲ್ಲ ಗಟ್ಟಿಯಾಗಿದ್ದವು. ಅಮ್ಮ ಮದುವೆಯಾಗಿ ಬರುವ ಮೊದಲಿನ ಮನೆ ಅದು. ಅವತ್ತು ಮಧ್ಯಾಹ್ನ ಆ ಮನೆಯನ್ನು ಟೇಪು ಹಿಡಿದು ಅಳೆದೆ.

ಸೂರು ಗೋಡೆಯಿಂದ ನಾಲ್ಕು ಅಡಿ ಮುಂದೆ ಬಂದಿತ್ತು. ಎಷ್ಟು ತಗ್ಗಿತ್ತು ಅಂದರೆ ಜಗುಲಿ ಹತ್ತುವಾಗ ನಾನು ತಲೆ ಬಗ್ಗಿಸಬೇಕಾಯಿತು. ಹಳೆ ಮನೆಗಳಲ್ಲಿ ಯಾಕೆ ಹೀಗೆ ಅಂತ ಚಿಕ್ಕಂದಿನಿಂದ ಕೇಳಿಕೊಂಡಿದ್ದೆ. ಅಂದು ಲೆಕ್ಕ ಹೊಳೆಯಿತು. ಗಾಳಿಗೆ ಮಳೆ ಓರೆಯಾಗಿ ಬೀಳುತ್ತದೆ. 45 ಡಿಗ್ರಿ ಓರೆ ಎಂದು ಹಿಡಿದರೆ, ಸೂರು ಎಷ್ಟು ಅಡಿ ಮುಂದೆ ಚಾಚಿದೆಯೋ ಅಷ್ಟೇ ಅಡಿ ಗೋಡೆ ಅದರ ಕೆಳಗೆ ಒಣಗಿರುತ್ತದೆ. ನಾಲ್ಕು ಅಡಿ ಸೂರಿಗೆ ನಾಲ್ಕು ಅಡಿ ಗೋಡೆ. ಸೂರನ್ನು ತಗ್ಗಿಸಿದರೆ ಉಳಿದ ಗೋಡೆಯೂ ಮರೆಯಾಗುತ್ತದೆ. ನನ್ನ 6 ಇಂಚಿನ ಸ್ಲ್ಯಾಬು ಕಾಯ್ದದ್ದು ಅರ್ಧ ಅಡಿ ಗೋಡೆಯನ್ನು. ಅದರ ಕೆಳಗಿನ ಹತ್ತು ಅಡಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲಿಗೆ ಒಡ್ಡಿಟ್ಟಿದ್ದೆ.

ಕಂಬದ ಬುಡ ನೋಡಿದೆ. ಒಂದು ಕಂಬವೂ ನೆಲ ಮುಟ್ಟಿರಲಿಲ್ಲ. ಪ್ರತಿಯೊಂದರ ಕೆಳಗೂ ಕಲ್ಲು. ಅಂಗಳದ ನೀರು ಸಿಡಿದರೂ ಕಲ್ಲಿಗೆ ಬಡಿಯಬೇಕು.

ಆಮೇಲೆ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕದ ಟಿಪ್ಪು ಅರಮನೆಗೆ ಹೋದೆ. ಹೈದರಾಲಿ ಶುರು ಮಾಡಿ, ಟಿಪ್ಪು 1791ರಲ್ಲಿ ಮುಗಿಸಿದ ಕಟ್ಟಡ. ಸಾಗುವಾನಿ ಕಂಬಗಳು, ಕಮಾನುಗಳು, ಮೇಲಂತಸ್ತಿನ ಮೊಗಸಾಲೆ. ಓದುವಾಗ ಕಾಲೇಜಿನಿಂದ ಒಮ್ಮೆ ಹೋಗಿ ಬರೀ ಕಮಾನು ನೋಡಿ ಬಂದಿದ್ದೆ. ಈ ಸಲ ಕೂತು ಕಂಬದ ಬುಡ ನೋಡಿದೆ. ಅಲ್ಲೂ ಕಲ್ಲಿನ ಪೀಠ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದ್ದು. ಎತ್ತರದ ಜಗತಿ, ಸುತ್ತಲೂ ಅಗಲವಾದ ಮೊಗಸಾಲೆ. ಚಿತ್ರ ಬರೆದ ಗೋಡೆಗಳು ಅದರ ಒಳಗೆ ನೆರಳಿನಲ್ಲಿವೆ. ನಿಮಗೆ ಮರದ ಹೊರಮೈಯ ಮನೆ ಕಟ್ಟುವ ಯೋಚನೆ ಇದ್ದರೆ ಈ ಎರಡೂ ಕಡೆ ಒಂದು ದಿನ ಕಳೆದು ಬನ್ನಿ. ಮೊಬೈಲಿನ ನೂರು ಫೋಟೋಗಿಂತ ಹೆಚ್ಚು ಸಿಗುತ್ತದೆ.

ಅಲ್ಲಿಂದ ಈಚೆಗೆ ನನ್ನ ಕೆಲಸದ ಕ್ರಮ ಬದಲಾಯಿತು. ಮೊದಲು ಮರ ಎಲ್ಲಿಗೆ ಬೇಡ ಎಂದು ಗುರುತು ಹಾಕುತ್ತೇನೆ. ಪಶ್ಚಿಮ, ನೈಋತ್ಯದ ಬಯಲು ಗೋಡೆಗೆ ಬೇಡ. ನೆಲದಿಂದ ಒಂದೂವರೆ ಅಡಿವರೆಗೆ ಎಲ್ಲಿಯೂ ಬೇಡ, ಅಲ್ಲಿ ಜಂಬಿಟ್ಟಿಗೆ ಕಲ್ಲು ಇರಲಿ. ಜಂಬಿಟ್ಟಿಗೆಯ ಕೆಂಪು, ಅದರ ಮೇಲೆ ಸುಣ್ಣದ ಬಿಳಿ, ಅದರ ಮೇಲೆ ಸೂರಿನ ನೆರಳಿನಲ್ಲಿ ಮರದ ಕಂದು. ಈ ಮೂರು ಬಣ್ಣ ಸೇರಿದರೆ ನಮ್ಮ ಹಸಿರಿನ ನಡುವೆ ಮನೆ ಎಷ್ಟು ಚೆಂದ ಕೂರುತ್ತದೆ! ಇಡೀ ಗೋಡೆಗೆ ಮರ ಹೊಡೆದರೂ ಆ ಅಂದ ಬರುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಮರಕ್ಕೆ ನಾನು ಇಷ್ಟಪಟ್ಟು ಕೊಡುವ ಜಾಗ ಸೂರಿನ ಅಡಿಭಾಗ. ಹೆಂಚು ಹೊರುವ ಮರದ ಪಟ್ಟಿ, ಅಂದರೆ ರೀಪಿನ ಕೆಳಗೆ ಹಲಗೆ ಕೂರಿಸಿದರೆ ಅಂಗಳದಲ್ಲಿ ನಿಂತವರ ಕಣ್ಣಿಗೆ ಮೊದಲು ಬೀಳುವುದು ಅದೇ. ಮಳೆ ಅದನ್ನು ಮುಟ್ಟುವುದಿಲ್ಲ. ಎರಡನೆಯದು ಜಗುಲಿಯ ಹಿಂದಿನ ಗೋಡೆ. ಮೂರನೆಯದು ಮೇಲಂತಸ್ತಿನ ಕಿಟಕಿಗಳ ಮುಂದೆ ಮರದ ಪಟ್ಟಿಗಳ ಜಾಲಂದ್ರ. ಪಟ್ಟಿಗಳ ನಡುವೆ ಸಂದು ಇರುವುದರಿಂದ ನಾಲ್ಕೂ ಮೈಗೆ ಗಾಳಿ ತಾಗುತ್ತದೆ. ನೆಂದರೂ ಬಿಸಿಲು ಬಿದ್ದ ಅರ್ಧ ದಿನಕ್ಕೆ ಮೇಲ್ಮೈ ಒಣಗುತ್ತದೆ. ಪಟ್ಟಿಯ ಮೇಲಂಚನ್ನು ಸ್ವಲ್ಪ ಓರೆ ಕತ್ತರಿಸಬೇಕು, ಇಲ್ಲದಿದ್ದರೆ ನೀರು ಅಲ್ಲೇ ಕೂರುತ್ತದೆ.

ಗೋಡೆಗೆ ಹಲಗೆ ಬೇಕೇ ಬೇಕು ಎಂದಾಗ ಹಿಂದೆ 1 ಇಂಚು ಸಂದು ಬಿಡುತ್ತೇನೆ. ಉದ್ದಕ್ಕೆ ನಿಲ್ಲಿಸುವ ಹಲಗೆಗೆ ಬರೀ ಅಡ್ಡ ರೀಪು ಹೊಡೆದರೆ ಗಾಳಿ ಮೇಲಕ್ಕೆ ಹೋಗದೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಗೋಡೆಗೆ ಮೊದಲು ಉದ್ದ ರೀಪು, ಅದರ ಮೇಲೆ ಅಡ್ಡ ರೀಪು, ಆಮೇಲೆ ಹಲಗೆ. ಕೆಳಗೂ ಮೇಲೂ ಸಂದು ತೆರೆದಿರಬೇಕು. ಇಲಿ, ಹುಳ ಬಾರದಂತೆ ಅಲ್ಲಿ ಸ್ಟೀಲ್ ಬಲೆ. ಮೊಳೆ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ದುಬಾರಿ, ಹೌದು. ಕಪ್ಪು ಗೆರೆ ತೆಗೆಯುವ ಖರ್ಚಿಗಿಂತ ಕಡಿಮೆ.

ಹಲಗೆಯ ಕೊಯ್ದ ತುದಿಯ ಬಗ್ಗೆ ಆಚಾರ್ರು ನನಗೆ ಒಂದು ದಿನ ಪೂರ್ತಿ ಪಾಠ ಮಾಡಿದರು. ಒಂದು ತುಂಡನ್ನು ಬಣ್ಣದ ನೀರಿನಲ್ಲಿ ನಿಲ್ಲಿಸಿ, ಊಟ ಮಾಡಿ ಬಂದು ಸೀಳಿ ತೋರಿಸಿದರು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ತುದಿಯಿಂದ ಬಣ್ಣ ಮೇಲೇರಿತ್ತು. ಬದಿಗಳಲ್ಲಿ ಬರೀ ಮೇಲ್ಮೈ ನೆಂದಿತ್ತು. ಅದಕ್ಕೇ ಕೆಳತುದಿಯನ್ನು ಹಿಂದಕ್ಕೆ ಓರೆಯಾಗಿ ಕತ್ತರಿಸುವುದು, ಆಗ ಹನಿ ಮುಂದಿನ ಅಂಚಿನಿಂದ ಕಳಚಿ ಬೀಳುತ್ತದೆ. ಕೂರಿಸುವ ಮೊದಲೇ ಆ ತುದಿಗೆ ಎಣ್ಣೆ ಕುಡಿಸಬೇಕು. ಕೂರಿಸಿದ ಮೇಲೆ ಅಲ್ಲಿಗೆ ಕುಂಚ ಹೋಗುವುದಿಲ್ಲ, ಯಾರೂ ಬಗ್ಗಿ ನೋಡುವುದೂ ಇಲ್ಲ.

ಇನ್ನು ಕೆಚ್ಚು, ಅಂದರೆ ಮರದ ನಡುವಿನ ಗಟ್ಟಿ ಭಾಗ. ಸಾಗುವಾನಿ ಅಂದರೆ ಸಾಕು, ಕೆಡುವುದೇ ಇಲ್ಲ ಎಂದು ನಂಬಿದ್ದೆ. ಕೆಡದೆ ಉಳಿಯುವುದು ಅದರ ಕೆಚ್ಚು. ಸುತ್ತಲಿನ ಬಿಳಿ ಭಾಗಕ್ಕೆ ಬೂಷ್ಟು, ಗೆದ್ದಲು ಎರಡೂ ಹತ್ತುತ್ತವೆ. ಎಳೆ ಮರದಲ್ಲಿ ಬಿಳಿಯೇ ಜಾಸ್ತಿ. ನಾನು ತರಿಸಿದ್ದು ಎಳೆ ಮರ, ಮೇಲೆ ಬಣ್ಣ ಬಳಿದು ಬಿಳಿ ಕಾಣದ ಹಾಗೆ ಮಾಡಿದ್ದೆ. ಈಗ ಬಣ್ಣ ಬಳಿಯುವ ಮೊದಲು ಒಂದೊಂದೇ ಹಲಗೆ ತಿರುಗಿಸಿ ನೋಡಿ, ಬಿಳಿ ಇದ್ದದ್ದನ್ನು ಒಳಾಂಗಣದ ಕೆಲಸಕ್ಕೆ ಕಳಿಸುತ್ತೇನೆ. ಕಿರಾಲುಬೋಗಿ, ಹೊನ್ನೆ ಸಿಕ್ಕರೆ ಅವೂ ಒಳ್ಳೆಯವೇ. ಸ್ವಂತ ಜಾಗದಲ್ಲಿ ಬೆಳೆದ ಮರ ಎಂದು ಕೊಡಲಿ ಎತ್ತಬೇಡಿ. ಎಷ್ಟೋ ಜಾತಿಯ ಮರಗಳನ್ನು ಕಡಿಯಲು ಅರಣ್ಯ ಇಲಾಖೆಯ ಪರವಾನಗಿ ಬೇಕು.

ಹಲಗೆಗಳ ನಡುವಿನ ಸಂದಿನ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ಒಣಗಿದ 6 ಇಂಚಿನ ಸಾಗುವಾನಿ ಹಲಗೆ ಜುಲೈಗೆ ಅಗಲದಲ್ಲಿ ಸುಮಾರು 2 ಮಿ.ಮೀ. ಹಿಗ್ಗುತ್ತದೆ. ಉದ್ದದಲ್ಲಿ ಹಿಗ್ಗುವುದು ಇಲ್ಲವೇ ಇಲ್ಲ ಅನ್ನಬಹುದು. ಇಪ್ಪತ್ತು ಹಲಗೆಯನ್ನು ಬಿಗಿಯಾಗಿ ಕೂರಿಸಿದರೆ ಒಟ್ಟು ಒಂದೂವರೆ ಇಂಚು. ಆ ಒಂದೂವರೆ ಇಂಚು ಎಲ್ಲಿಗೆ ಹೋಗಬೇಕು? ಗೋಡೆಯಿಂದ ಹೊಟ್ಟೆ ಉಬ್ಬಿಸಿಕೊಂಡು ಹೊರಗೆ ಬರುತ್ತದೆ. ಹಾಗಾಗಿ ಒಂದೊಂದರ ನಡುವೆ 4 ಮಿ.ಮೀ. ಬಿಡಿ. ಈಗ ನನ್ನ ಚೀಲದಲ್ಲಿ ತೇವ ಅಳೆಯುವ ಪುಟ್ಟ ಮೀಟರ್ ಸದಾ ಇರುತ್ತದೆ. ಮರದ ತೇವ 20 ಶೇಕಡಾ ಒಳಗಿದ್ದರೆ ಮರ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ. ಕಿತ್ತ ಹಲಗೆಗೆ ಚುಚ್ಚಿದಾಗ ಅದು 30 ದಾಟಿತ್ತು. ಅದೇ ದಿನ ಹಳೆ ಮನೆಯ ಜಗುಲಿ ಕಂಬ 18 ತೋರಿಸಿತು. ಇಬ್ಬರೂ ಕುಡಿದದ್ದು ಒಂದೇ ಮಳೆಗಾಲದ ಗಾಳಿ!

ಬಳಿಯುವುದರ ವಿಚಾರಕ್ಕೆ ಬಂದರೆ, ಹೊರಮೈಗೆ ಹೊಳೆಯುವ ವಾರ್ನಿಶ್ ನಾನು ಈಗ ಹಾಕಿಸುವುದಿಲ್ಲ. ಬಿಸಿಲು ಆ ಗಾಜಿನಂಥ ಪದರ ದಾಟಿ ಮರದ ಮೇಲ್ಮೈಯನ್ನೇ ಸಡಿಲ ಮಾಡುತ್ತದೆ. ಪದರಕ್ಕೆ ಹಿಡಿತ ತಪ್ಪುತ್ತದೆ. ಒಂದು ಸೀಳು ಬಿಟ್ಟರೆ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಮತ್ತೆ ಬಳಿಯಬೇಕಾದರೆ ಪೂರ್ತಿ ಉಜ್ಜಿ ತೆಗೆಯಬೇಕು. ಎಣ್ಣೆಯಾದರೆ ಹಾಗಲ್ಲ. ಮೇ ತಿಂಗಳಲ್ಲಿ ಧೂಳು ಒರೆಸಿ ಒಂದು ಕೈ ಬಳಿದರೆ ಆಯಿತು. ಕಾಣದ ಕಡೆ, ಮಾಡಿನ ಪಕಾಸು ರೀಪುಗಳಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹಚ್ಚಿಸುತ್ತೇನೆ. ನಮ್ಮ ಹಿರಿಯರು ಬಳಸುತ್ತಿದ್ದದ್ದು. ಅದು ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಕೈಗವಸು ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಹಚ್ಚಬೇಡಿ. ಬಣ್ಣವೂ ಕಪ್ಪು. ಎದುರಿಗೆ ಕಾಣುವ ಮರಕ್ಕೆ ಬಣ್ಣದ ಕಣ ಸೇರಿದ ಎಣ್ಣೆ ವಾಸಿ, ಆ ಕಣವೇ ಬಿಸಿಲು ತಡೆಯುತ್ತದೆ. ಏನೂ ಬಳಿಯದೆ ಬಿಟ್ಟರೆ ಮರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದು ಕೊಳೆತದ್ದಲ್ಲ. ಆ ಬೂದಿ ಬಣ್ಣ ನನಗೆ ಇಷ್ಟ, ಆದರೆ ಮನೆಯವರಿಗೆ ಮೊದಲೇ ಹೇಳಿರಬೇಕು.

ಮಳೆ ಹೊಡೆಯುವ ಗೋಡೆಗೇ ಮರದ ನೋಟ ಬೇಕು ಎನ್ನುವವರಿಗೆ ಸಿಮೆಂಟ್ ಫೈಬರ್ ಹಲಗೆ ತೋರಿಸುತ್ತೇನೆ. ಮುಟ್ಟಿದರೆ ಮರವಲ್ಲ ಅಂತ ಗೊತ್ತಾಗುತ್ತದೆ. ಅದಕ್ಕಿಂತ ಗೋಡೆಯನ್ನು ಗೋಡೆಯಾಗಿಯೇ ಬಿಡುವುದು ಒಳ್ಳೆಯದು ಅನ್ನಿಸುತ್ತದೆ.

ಹಳೆ ಮನೆ ಬಿಚ್ಚಿದ ಕಂಬಗಳು ಬೇಕು ಎಂದೂ ಈಗ ತುಂಬ ಜನ ಕೇಳುತ್ತಾರೆ. ಚೆನ್ನಾಗಿ ಒಣಗಿದ ಕೆಚ್ಚು, ಹೊಸ ಮರದಲ್ಲಿ ಅದು ಸಿಗುವುದಿಲ್ಲ. ಬಿಚ್ಚಿ ಆಗಿದ್ದರೆ ಖಂಡಿತ ಬಳಸಿ. ಆದರೆ ಕಂಬಕ್ಕಾಗಿ ನಿಂತ ಮನೆಯನ್ನು ಬಿಚ್ಚಿಸಬೇಡಿ. ಅದನ್ನು ಮಾತ್ರ ನಾನು ಕೈ ಮುಗಿದು ಕೇಳುತ್ತೇನೆ.

ಆ ತೀರ್ಥಹಳ್ಳಿಯ ಮನೆಗೆ ಈಗ ಪಶ್ಚಿಮಕ್ಕೆ ನಾಲ್ಕು ಅಡಿಯ ಹೆಂಚಿನ ಸೂರು ಇಳಿಸಿದ್ದೇವೆ. ಕೆಳಗೆ ಜಂಬಿಟ್ಟಿಗೆ, ಸೂರಿನ ನೆರಳಿನಷ್ಟು ಮಾತ್ರ ಮರ. ಕೆಳಸಾಲಿನ ಹಲಗೆಗಳನ್ನು ಬೇರೆಯಾಗಿ ತುಂಡು ಮಾಡಿ, ತಲಾ ನಾಲ್ಕು ಸ್ಕ್ರೂ ಮೇಲೆ ನಿಲ್ಲಿಸಿದ್ದೇವೆ. ಕೆಟ್ಟರೆ ಅದೊಂದನ್ನೇ ಬಿಚ್ಚಬಹುದು. ಕಳೆದ ಮೇ ತಿಂಗಳಲ್ಲಿ ಮಗ ಫೋನ್ ಮಾಡಿದರು. ಎರಡು ಹಲಗೆ ತಾವೇ ಬಿಚ್ಚಿ, ತುದಿಗೆ ಎಣ್ಣೆ ಕುಡಿಸಿ ಮತ್ತೆ ಕೂರಿಸಿದರಂತೆ. ಅಮ್ಮ ಹಿಂದಿನಿಂದ ಕೂಗಿ ಹೇಳುತ್ತಿದ್ದರು, ಈ ವರ್ಷ ತಟ್ಟಿ ಕಟ್ಟಿಲ್ಲ ಅಂತ.