ಒಂದೇ ಸರ್ವರ್‌ನಲ್ಲಿ ಹನ್ನೊಂದೂ ಹದಿನೈದೂ

"ಹಳೇದನ್ನ ತೆಗೆದು ಹೊಸದು ಹಾಕಿದ್ರೆ ಮುಗೀತಲ್ವಾ? ಎರಡೆರಡು ಯಾಕಮ್ಮ?"

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಮಾಲೀಕರು ಹೀಗೆ ಕೇಳಿದರು. ಅವರ ಆಫೀಸಿನ ಸರ್ವರ್‌ನಲ್ಲಿದ್ದ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್‌ನ 11ನೇ ಆವೃತ್ತಿಯನ್ನು ಮುಟ್ಟದೆ, ಅದೇ ಕಂಪ್ಯೂಟರಿಗೆ ಪೋಸ್ಟ್‌ಗ್ರೆಸ್ 15ನ್ನೂ ಹಾಕೋಣ ಅಂದಿದ್ದೆ. ದುಡ್ಡು ಕೊಡುವವರು ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಮಾತ್ರ ಸ್ವಲ್ಪ ಉದ್ದ.

ಅಲ್ಲಿನ ಹಳೆಯ ಪ್ರೋಗ್ರಾಂ ಬರೆದವರು ಊರು ಬಿಟ್ಟು ಎಷ್ಟೋ ಕಾಲವಾಗಿದೆ. ಯಾವ ತೋಟದಿಂದ ಎಷ್ಟು ಮೂಟೆ ಪಾರ್ಚ್‌ಮೆಂಟ್ ಬಂತು, ಎಷ್ಟು ಚೆರ್ರಿ, ತೇವಾಂಶ ಎಷ್ಟಿತ್ತು, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ಎಷ್ಟು ಬಿತ್ತು, ಎ ಗ್ರೇಡ್ ಎಷ್ಟು, ಪೀಬೆರ್ರಿ ಎಷ್ಟು, ಬಿಟ್ಸ್ ಎಷ್ಟು ಎಂಬುದೆಲ್ಲ ಅದರಲ್ಲೇ ಇದೆ. ಪೋಸ್ಟ್‌ಗ್ರೆಸ್‌ನ ಹಳೆಯ ಆವೃತ್ತಿಗಳು ಪ್ರತಿ ಸಾಲಿಗೂ ಕಣ್ಣಿಗೆ ಕಾಣದ ಒಂದು ಸಂಖ್ಯೆಯನ್ನು ತಾವೇ ಕೊಡುತ್ತಿದ್ದವು. ಅದರ ಹೆಸರು ಓಐಡಿ. ಪ್ರೋಗ್ರಾಂ ಬರೆದವರು ಆ ಸಂಖ್ಯೆಯನ್ನೇ ನಂಬಿ ರಸೀದಿಗೂ ತೂಕಕ್ಕೂ ಗಂಟು ಹಾಕಿದ್ದರು. ಆ ಕಾಲದಲ್ಲಿ ಹಾಗೆ ಮಾಡುವುದು ಸಾಮಾನ್ಯವಾಗಿತ್ತು. 2005ರಲ್ಲಿ ಬಂದ 8.1ರಿಂದ ಈ ಸಂಖ್ಯೆ ತಾನಾಗಿ ಬರುವುದು ನಿಂತಿತು, ಬೇಕೆಂದು ಕೇಳಿದರೆ ಮಾತ್ರ ಸಿಗುತ್ತಿತ್ತು. 2019ರ ಅಕ್ಟೋಬರ್‌ನಲ್ಲಿ ಬಂದ 12ರಲ್ಲಿ ಕೇಳಿದರೂ ಸಿಗದಂತಾಯಿತು. ಅಂದರೆ ಆ ಪ್ರೋಗ್ರಾಂ ಹತ್ತಬಹುದಾದ ಕೊನೆಯ ಮೆಟ್ಟಿಲು 11. ಅದಕ್ಕೋ 2023ರ ನವೆಂಬರ್‌ನಿಂದ ಭದ್ರತೆಯ ತಿದ್ದುಪಡಿಗಳೂ ಬರುತ್ತಿಲ್ಲ. ಅಲ್ಲೇ ಇರುವ ಹಾಗಿಲ್ಲ, ಹಾಗಂತ ಒಂದೇ ಸಲ ಬಿಟ್ಟು ಬರುವ ಹಾಗೂ ಇಲ್ಲ. ಆಲ್ದೂರು, ಮೂಡಿಗೆರೆ ಕಡೆಯಿಂದ ದಿನವೂ ಲೋಡ್ ಬರುತ್ತಿರುವಾಗ ಬೆಳೆಗಾರರ ಲೆಕ್ಕ ಒಂದು ಗಂಟೆ ಸಿಗದಿದ್ದರೂ ಗೇಟಿನಲ್ಲಿ ಸಾಲು ನಿಲ್ಲುತ್ತದೆ.

ಎರಡನ್ನೂ ಒಟ್ಟಿಗೆ ಓಡಿಸುವುದು ಕಷ್ಟವೇನಲ್ಲ, ಡೆಬಿಯನ್ ಎಂಬ ಲಿನಕ್ಸ್‌ನಲ್ಲಂತೂ ತುಂಬ ಅಚ್ಚುಕಟ್ಟು. ಮಾಲೀಕರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ: ಮನೆ ಒಂದೇ, ಒಲೆ ಬೇರೆ ಬೇರೆ. ಪ್ರೋಗ್ರಾಂ ಫೈಲುಗಳು ಆಯಾ ಆವೃತ್ತಿಯ ಸಂಖ್ಯೆಯುಳ್ಳ ಫೋಲ್ಡರಿನಲ್ಲಿ ಇರುತ್ತವೆ. ಡೇಟಾ ಫೋಲ್ಡರೂ ಬೇರೆ, ಸೆಟ್ಟಿಂಗ್ ಫೈಲೂ ಬೇರೆ. 11 ಎಂದಿನಂತೆ 5432ನೇ ಪೋರ್ಟಿನಲ್ಲಿ, ಅಂದರೆ ಬೇರೆ ಪ್ರೋಗ್ರಾಂಗಳು ಬಂದು ತಟ್ಟುವ ಆ ಸಂಖ್ಯೆಯ ಬಾಗಿಲಲ್ಲಿ, ಕೂತಿರುತ್ತದೆ. 15ನ್ನು ಇನ್‌ಸ್ಟಾಲ್ ಮಾಡಿದಾಗ ಅದು ಖಾಲಿ ಇರುವ ಮುಂದಿನ ಪೋರ್ಟ್ ಹುಡುಕಿ ತಾನೇ 5433ರಲ್ಲಿ ಕೂರುತ್ತದೆ. ಒಂದು ಕಮಾಂಡ್ ಕೊಟ್ಟರೆ ಎರಡೂ ಸಾಲಾಗಿ ಕಾಣುತ್ತವೆ: ಆವೃತ್ತಿ, ಪೋರ್ಟ್, ಓಡುತ್ತಿದೆಯೋ ನಿಂತಿದೆಯೋ, ಡೇಟಾ ಎಲ್ಲಿದೆ. ಡೇಟಾ ಫೋಲ್ಡರನ್ನು ಮಾತ್ರ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಕೊಡಲು ಬರುವುದಿಲ್ಲ. ಅದರೊಳಗಿನ ಚಿಕ್ಕ ಫೈಲೊಂದರಲ್ಲಿ ಆವೃತ್ತಿಯ ಸಂಖ್ಯೆ ಬರೆದಿರುತ್ತದೆ. 15ರ ಸರ್ವರ್ ಅಲ್ಲಿ 11 ಎಂದು ಕಂಡರೆ ಏಳುವುದೇ ಇಲ್ಲ. ಆ ಹಟ ನನಗೆ ಬಹಳ ಇಷ್ಟ. ಅರ್ಥವಾಗದ ಡೇಟಾವನ್ನು ಅಂದಾಜಿನ ಮೇಲೆ ಓದುವುದಕ್ಕಿಂತ ಬಾಗಿಲು ಹಾಕಿಕೊಳ್ಳುವುದೇ ಸರಿ.

ಸಂಕ್ರಾಂತಿ ದಿನ ಲೋಡ್ ಇಳಿಸುವುದಿಲ್ಲ, ಹಾಗಾಗಿ ಅವತ್ತೇ ಕೆಲಸ ಇಟ್ಟುಕೊಂಡೆವು. ಲೆಕ್ಕ ನೋಡುವ ಹಿರಿಯ ಗುಮಾಸ್ತರು ಹಬ್ಬದ ಪೂಜೆ ಮುಗಿಸಿ, ಪೊಟ್ಟಣದಲ್ಲಿ ಎಳ್ಳುಬೆಲ್ಲ ಹಿಡಿದುಕೊಂಡೇ ಬಂದರು. ಸರ್ವರ್‌ಗೆ ಇರುವುದು 8 ಜಿಬಿ ಮೆಮೊರಿ. ಹಳೆಯದಕ್ಕೆ 2 ಜಿಬಿ ಮೀಸಲಿತ್ತು. ಅದನ್ನು ಇಳಿಸಿ ಎರಡಕ್ಕೂ ಒಂದೊಂದು ಜಿಬಿ ಕೊಟ್ಟೆ. ಆಮೇಲೆ 11ರ ಟೇಬಲ್‌ಗಳಿಗೆ ಒಂದೊಂದು ಹೊಸ ಕಾಲಂ ಸೇರಿಸಿ, ಕಾಣದ ಓಐಡಿಯನ್ನು ಕಾಣುವ ಸಂಖ್ಯೆಯಾಗಿ ಅದರೊಳಗೆ ಬರೆಸಿದೆ. ಇದು ಹಳೆಯ ಮನೆಯಲ್ಲಿ ಇರುವಾಗಲೇ ಆಗಬೇಕಾದ ಕೆಲಸ. ಡಂಪ್, ಅಂದರೆ ಡೇಟಾದ ಪೂರ್ತಿ ನಕಲು, ತೆಗೆಯುವುದಕ್ಕೆ ಹೊಸ ಆವೃತ್ತಿಯ ಉಪಕರಣವನ್ನೇ ಬಳಸಬೇಕು, ಅದಕ್ಕೆ ಹಳೆಯ ಸರ್ವರನ್ನು ಓದಲು ಬರುತ್ತದೆ. ಹಳೆಯ ಉಪಕರಣ ಹೊಸ ಸರ್ವರನ್ನು ಓದುವುದಿಲ್ಲ. ಆದರೆ ಆ ಹೊಸ ಉಪಕರಣಕ್ಕೆ ಓಐಡಿಯ ಗೊಡವೆಯೇ ಇಲ್ಲ. ಕಾಲಂಗೆ ಇಳಿಸದೆ ಡಂಪ್ ತೆಗೆದರೆ ಒಂದು ಎಚ್ಚರಿಕೆ ಮಾತ್ರ ಹೇಳಿ ಆ ಸಂಖ್ಯೆಗಳನ್ನು ಬಿಟ್ಟು ಬರುತ್ತದೆ. ಆಮೇಲೆ ಯಾವ ತೂಕ ಯಾರ ರಸೀದಿಯದು ಎಂದು ಹೇಳುವವರೇ ಇರುವುದಿಲ್ಲ.

ಡಂಪ್ ತೆಗೆದು 15ಕ್ಕೆ ತುಂಬಿಸಿದ್ದು ಸಲೀಸಾಗಿ ಆಯಿತು. ಹೊತ್ತು ಹಿಡಿದದ್ದು ತಾಳೆ ನೋಡುವ ಕೆಲಸ, ನನ್ನ ಮಟ್ಟಿಗೆ ಆ ದಿನದ ನಿಜವಾದ ಕೆಲಸವೂ ಅದೇ. ಎರಡು ಸರ್ವರ್‌ಗಳಿಗೂ ಒಂದೇ ಪ್ರಶ್ನೆ ಕೇಳಿ, ಉತ್ತರಗಳನ್ನು ಅಕ್ಕಪಕ್ಕ ಪ್ರಿಂಟ್ ತೆಗೆದು ಗುಮಾಸ್ತರ ಮುಂದಿಟ್ಟೆ. ಅವರು ಸ್ಕೇಲು ಇಟ್ಟುಕೊಂಡು ಸಾಲು ಸಾಲಾಗಿ ಇಳಿಯುತ್ತಾ ಬಂದರು. ಒಂದು ಕಡೆ ಸ್ಕೇಲು ನಿಂತಿತು.

"ನೋಡಮ್ಮ, ಇದೇನಿದು ಬಾಲ?"

ಒಬ್ಬ ಬೆಳೆಗಾರರ ಎರಡು ಲಾಟ್‌ಗಳಿಂದ ತೆಗೆದ ಸ್ಯಾಂಪಲ್‌ನ ಒಟ್ಟು ತೂಕ ಅದು. ಒಂದರಿಂದ 100 ಗ್ರಾಂ, ಇನ್ನೊಂದರಿಂದ 200. ಹಳೆಯ ಹಾಳೆಯಲ್ಲಿ 0.3 ಕಿಲೋ ಎಂದಿತ್ತು. ಹೊಸ ಹಾಳೆಯಲ್ಲಿ 0.30000000000000004.

"ನಾಕು ಎಲ್ಲಿಂದ ಬಂತು? ಕಾಫಿ ಅಷ್ಟೇ ಇದೆಯಲ್ಲ?"

ಕಾಫಿ ಅಷ್ಟೇ ಇತ್ತು, ಡೇಟಾವೂ ಅಷ್ಟೇ ಇತ್ತು. ಹಳೆಯ ಪ್ರೋಗ್ರಾಂ ತೂಕವನ್ನು ಫ್ಲೋಟ್ ಎಂಬ ಬಗೆಯಲ್ಲಿ ಇಟ್ಟಿತ್ತು. ಹತ್ತರಲ್ಲಿ ಒಂದು ಎಂಬ ಭಾಗ ನಮಗೆ ಸುಲಭ, ಸೊನ್ನೆ ಒಂದುಗಳಲ್ಲೇ ಎಣಿಸುವ ಯಂತ್ರಕ್ಕೆ ಅದು ಎಂದೂ ಮುಗಿಯದ ಭಾಗ. ಹಾಗಾಗಿ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿಯೇ ಇಟ್ಟುಕೊಳ್ಳುತ್ತದೆ. 11ರವರೆಗೆ ಪೋಸ್ಟ್‌ಗ್ರೆಸ್ ಅದನ್ನು ತೋರಿಸುವಾಗ 15 ಅಂಕಿಗೆ ಕತ್ತರಿಸಿ ತೋರಿಸುತ್ತಿತ್ತು. 12ರಿಂದ ಒಳಗಿರುವ ಸಂಖ್ಯೆಯನ್ನು ತಪ್ಪಿಲ್ಲದೆ ಗುರುತಿಸಲು ಎಷ್ಟು ಅಂಕಿ ಬೇಕೋ ಅಷ್ಟನ್ನೂ ತೋರಿಸುತ್ತದೆ. ಬಾಲ ಮೊದಲಿಂದಲೂ ಇತ್ತು, ಈಗ ಕಂಡಿತು.

ಇದನ್ನು ನಾನು ಬಾಯಲ್ಲಿ ಹೇಳಿದರೆ ಅವರೇಕೆ ನಂಬಬೇಕು? ಅಲ್ಲೇ ಇದ್ದ 11ನ್ನು ಕರೆದು, ಎಲ್ಲ ಅಂಕಿಗಳನ್ನೂ ತೋರಿಸುವ ಸೆಟ್ಟಿಂಗ್ ಹಾಕಿ, ಅದೇ ಪ್ರಶ್ನೆ ಕೇಳಿದೆ. ಹಳೆಯದೂ ಅದೇ ಬಾಲ ತೋರಿಸಿತು. ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಹಂಗಾದ್ರೆ ಇಷ್ಟು ವರ್ಷ ಇದು ಒಳಗೇ ಇತ್ತು" ಅಂದರು. ಎರಡೂ ಆವೃತ್ತಿ ಒಂದೇ ಮೇಜಿನ ಮುಂದೆ ಜೀವಂತವಾಗಿ ಇಲ್ಲದಿದ್ದರೆ ಈ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಹೊಸ ಸಾಫ್ಟ್‌ವೇರ್ ಲೆಕ್ಕ ಕೆಡಿಸಿತು ಎಂಬ ಅನುಮಾನ ಅವರ ಮನಸ್ಸಿನಲ್ಲಿ ಉಳಿದುಬಿಡುತ್ತಿತ್ತು. ಅವರಿಗೆ ಒಮ್ಮೆ ಅನುಮಾನ ಬಂದರೆ ಬೆಳೆಗಾರರಿಗೂ ಬಂದ ಹಾಗೆಯೇ. ತೂಕ, ದುಡ್ಡು ಇವೆರಡನ್ನು ಫ್ಲೋಟ್‌ನಲ್ಲಿ ಇಡಲೇಬಾರದು, ಹೊಸದರಲ್ಲಿ ಎಲ್ಲವನ್ನೂ ದಶಾಂಶಗಳನ್ನು ಇದ್ದ ಹಾಗೇ ಇಡುವ ನ್ಯೂಮರಿಕ್ ಬಗೆಗೆ ಬದಲಿಸಿ ಗ್ರಾಂವರೆಗೆ ಮೂರೇ ದಶಾಂಶ ಇಟ್ಟೆ. ಮತ್ತೆ ಪ್ರಿಂಟ್ ತೆಗೆದಾಗ ಸ್ಕೇಲು ಎಲ್ಲೂ ನಿಲ್ಲದೆ ಕೊನೆಯವರೆಗೆ ಇಳಿಯಿತು.

ಸಂಜೆಗೆ ತೂಕದ ಕೌಂಟರಿನ ಕಂಪ್ಯೂಟರ್ ತಕರಾರು ತೆಗೆಯಿತು. ಅದನ್ನು ಡೇಟಾಬೇಸ್‌ಗೆ ಜೋಡಿಸುವ ಓಡಿಬಿಸಿ ಡ್ರೈವರ್ ಹಳೆಯದು, ಪಾಸ್‌ವರ್ಡ್ ಪರೀಕ್ಷೆಯ ಎಂಡಿ5 ವಿಧಾನ ಮಾತ್ರ ಗೊತ್ತಿದ್ದದ್ದು. 14ರಿಂದ ಪೋಸ್ಟ್‌ಗ್ರೆಸ್ ಮೊದಲಿಗೇ ಸ್ಕ್ರ್ಯಾಮ್ ಎಂಬ ಗಟ್ಟಿ ವಿಧಾನ ಕೇಳುತ್ತದೆ. ಸರ್ವರನ್ನೇ ಎಂಡಿ5ಗೆ ಇಳಿಸಿದರೆ ಎರಡು ನಿಮಿಷದ ಕೆಲಸ, ಮಾಡಲು ಮನಸ್ಸು ಬರಲಿಲ್ಲ. ಡ್ರೈವರನ್ನೇ ಹೊಸದು ಮಾಡಿದೆ. ಹೊಸ ಡ್ರೈವರ್ 11ರ ಜೊತೆಗೂ ಮಾತಾಡುತ್ತದೆ, ಹಾಗಾಗಿ ಹಳೆಯ ಪ್ರೋಗ್ರಾಂಗೂ ತೊಂದರೆಯಾಗಲಿಲ್ಲ.

ಹೀಗೆ ಎರಡು ಆವೃತ್ತಿ ಇಟ್ಟುಕೊಳ್ಳುವವರು ಒಂದು ವಿಷಯ ದಯವಿಟ್ಟು ನೋಡಿಕೊಳ್ಳಿ, ಅದು ರಾತ್ರಿಯ ಬ್ಯಾಕಪ್. ಅಲ್ಲಿದ್ದ ಹಳೆಯ ಸ್ಕ್ರಿಪ್ಟ್‌ನಲ್ಲಿ ಪೋರ್ಟ್ ಬರೆದಿರಲಿಲ್ಲ. ಪೋರ್ಟ್ ಹೇಳದಿದ್ದರೆ ಅದು 5432ಕ್ಕೇ ಹೋಗುತ್ತದೆ. ಹೊಸದರ ಬ್ಯಾಕಪ್ ಆಗುವುದೇ ಇಲ್ಲ, ಆದರೂ ಬೆಳಿಗ್ಗೆ ನೋಡಿದರೆ ಫೈಲ್ ಇರುತ್ತದೆ, ದಿನಾಂಕವೂ ಸರಿಯಾಗಿರುತ್ತದೆ. ಮುಂದೆ ಪೋರ್ಟ್ ಅದಲು ಬದಲು ಮಾಡಿದ ದಿನವಂತೂ ಯಾವ ಫೈಲ್ ಯಾವ ಆವೃತ್ತಿಯದೆಂದು ತಿಳಿಯುವುದಿಲ್ಲ. ಅದಕ್ಕೇ ಪೋರ್ಟ್ ನೆಚ್ಚಿಕೊಳ್ಳದೆ, ಆವೃತ್ತಿ ಮತ್ತು ಕ್ಲಸ್ಟರ್ (ಡೆಬಿಯನ್‌ನಲ್ಲಿ ಇಂಥ ಒಂದೊಂದು ಸರ್ವರಿಗೂ ಇರುವ ಹೆಸರು) ಹೆಸರಿನಿಂದಲೇ ಎರಡಕ್ಕೂ ಬೇರೆ ಬೇರೆ ಬ್ಯಾಕಪ್ ಬರೆದು, ಫೈಲಿನ ಹೆಸರಿನಲ್ಲೂ ಆವೃತ್ತಿ ಸೇರಿಸಿದೆ.

ರೋಬಸ್ಟಾ ಕೊಯ್ಲು ಮುಗಿದು ಲೋಡ್ ನಿಲ್ಲುವವರೆಗೆ ಹಳೆಯದರಲ್ಲಿ ಬರೆದದ್ದನ್ನೆಲ್ಲ ಹೊಸದರಲ್ಲೂ ಬರೆಸಿದೆವು. ಗುಮಾಸ್ತರು ವಾರಕ್ಕೊಮ್ಮೆ ತಾಳೆ ನೋಡಿ ಸಹಿ ಹಾಕುತ್ತಿದ್ದರು. ಮಳೆಗಾಲಕ್ಕೆ ಮುಂಚೆ 15ಕ್ಕೆ 5432 ಕೊಟ್ಟೆ. 11ಕ್ಕೆ ಈಗ 5433, ಹೊರಗಿನ ಕಂಪ್ಯೂಟರುಗಳಿಗೆ ಕಾಣದು, ಓದಬಹುದು, ಬರೆಯಲು ಬಾರದು. ಕರೆಂಟ್ ಹೋಗಿ ಬಂದರೆ ತಾನಾಗಿ ಏಳುವುದೂ ಇಲ್ಲ, ಹಳೆಯ ಸಾಲಿನ ಔಟ್‌ಟರ್ನ್ ಬಗ್ಗೆ ಯಾರಾದರೂ ಬೆಳೆಗಾರರು ಕೇಳಿಕೊಂಡು ಬಂದಾಗ ಗುಮಾಸ್ತರೇ ಅದನ್ನು ಎಬ್ಬಿಸಿ ನೋಡುತ್ತಾರೆ. ಆ ಕಮಾಂಡನ್ನು ಒಂದು ಚೀಟಿಯಲ್ಲಿ ಬರೆದು ಅವರ ಲೆಡ್ಜರಿನ ಒಳರಟ್ಟಿಗೆ ಅಂಟಿಸಿಕೊಟ್ಟಿದ್ದೇನೆ.