ಕ್ರೀಡಾಜ್ಯೋತಿಗೆ ಎಣ್ಣೆ ಹಾಕಿದವನು

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮೇಷ್ಟ್ರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾಗಿದ್ದು ಸೀಮೆಎಣ್ಣೆ ವಾಸನೆ. ಕ್ರೀಡಾಕೂಟದ ಬೆಳಿಗ್ಗೆ, ಸ್ಟಾಫ್ ರೂಮಿನ ಹಿಂದಿನ ನಲ್ಲಿ ಹತ್ತಿರ, ನನ್ನ ಗೆಳೆಯ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿರುತ್ತಿದ್ದ. ಆಸರೆಗೆಂದು ಕ್ಯಾಲಿಪರ್ ಪಟ್ಟಿ ಹಾಕಿದ ಎಡಗಾಲು ಮುಂದಕ್ಕೆ ಚಾಚಿರುತ್ತಿತ್ತು. ತೊಡೆಯ ಮೇಲೆ ಪಂಜು. ಬಿದಿರಿನ ಗಳ, ಅದರ ತುದಿಗೆ ಮೊಳೆ ಹೊಡೆದು ಕೂರಿಸಿದ ಹಾಲಿನಪುಡಿ ಡಬ್ಬ, ಡಬ್ಬದ ತುಂಬ ಹಳೇ ಪಂಚೆಯ ಚೂರುಗಳು. ಅವನು ಒಂದೊಂದೇ ಚೂರನ್ನು ಎಣ್ಣೆಯಲ್ಲಿ ಅದ್ದಿ, ಹಿಂಡಿ, ಬೆರಳಿನಿಂದ ಒತ್ತಿ ತುಂಬುತ್ತಿದ್ದ. ಜಾಸ್ತಿ ಒದ್ದೆಯಾದರೆ ಉರಿಯುವ ಎಣ್ಣೆ ಓಡುವವನ ಕೈಮೇಲೆ ಸುರಿಯುತ್ತದೆ. ಕಮ್ಮಿಯಾದರೆ ಅರ್ಧ ದಾರಿಯಲ್ಲೇ ಆರಿಹೋಗುತ್ತದೆ. ಆ ಹದ ಅವನ ಬೆರಳಿಗೆ ಗೊತ್ತಿತ್ತು.

ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಕ್ರೀಡಾಜ್ಯೋತಿ ನಿಜವಾಗಿಯೂ ಅರ್ಧ ದಾರಿಯಲ್ಲಿ ಆರಿಹೋಗಿತ್ತು. ಅತಿಥಿಗಳು ವೇದಿಕೆ ಮೇಲೆ ಎದ್ದು ನಿಂತಿದ್ದರು, ಬ್ಯಾಂಡ್ ಸೆಟ್ ಬಾರಿಸುತ್ತಿತ್ತು, ಮೈದಾನದ ಆ ತುದಿಯಲ್ಲಿ ಬರೀ ಹೊಗೆ. ಯಾರೋ ಬೆಂಕಿಪೊಟ್ಟಣ ಹಿಡಿದುಕೊಂಡು ಓಡಿದರು. ಮರುವರ್ಷ ಪಿ.ಟಿ. ಮೇಷ್ಟ್ರು ಆ ಕೆಲಸವನ್ನು ಅವನಿಗೆ ಒಪ್ಪಿಸಿದರು. ಓಡಲು ಆಗದವನಿಗೂ ಒಂದು ಜವಾಬ್ದಾರಿ ಇರಲಿ ಎಂಬುದು ಅವರ ಮನಸ್ಸು. ಒಳ್ಳೆಯ ಮನಸ್ಸೇ. ಒಂಬತ್ತು, ಹತ್ತು, ಎರಡೂ ವರ್ಷ ಜ್ಯೋತಿ ಒಮ್ಮೆಯೂ ಆರಲಿಲ್ಲ.

ಹತ್ತನೇ ಕ್ಲಾಸಿನಲ್ಲಿ ಕೊನೆಯ ಸುತ್ತು ಓಡಿದವನು ನಾನು. ಎಂಟುನೂರು ಮೀಟರಿನಲ್ಲಿ ತಾಲ್ಲೂಕಿಗೆ ಮೊದಲು ಬಂದಿದ್ದೆ. 'ನಮ್ಮ ಶಾಲೆಯ ಹೆಮ್ಮೆಯ ಓಟಗಾರ' ಎಂದು ಮೈಕಿನಲ್ಲಿ ಕೂಗಿದರು. ಪಂಜು ನನ್ನ ಕೈಗೆ ಕೊಟ್ಟವನು ಅವನು. 'ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡ್ಕೊ, ಹೊಗೆ ಕಣ್ಣಿಗೆ ಬರಲ್ಲ' ಎಂದ. ನಾನು ಓಡಿದೆ. ಅವನು ಎಣ್ಣೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಸುಣ್ಣದ ಗೆರೆಯ ಆಚೆ ನಿಂತು ನೋಡಿದ. ನೀನೂ ಬಾ ಎಂದು ಅವನನ್ನು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಕರೆಯಬಹುದಿತ್ತು ಎಂಬ ಯೋಚನೆಯೇ ಅಂದು ನನಗೆ ಬರಲಿಲ್ಲ. ಅದು ಬಂದಿದ್ದು ಇಪ್ಪತ್ತು ವರ್ಷದ ಮೇಲೆ, ಇಂಗ್ಲೆಂಡಿನ ಒಂದು ರಸ್ತೆ ಬದಿಯಲ್ಲಿ.

2012ರಲ್ಲಿ ನಾನು ಕೆಲಸದ ಮೇಲೆ ಏಲ್ಸ್‌ಬರಿ ಎಂಬ ಊರಿನಲ್ಲಿದ್ದೆ. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ ದಾರಿ. ಊರಿನ ಅಂಚಿನಲ್ಲೇ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆ. ಅಂಗವಿಕಲರ ಒಲಿಂಪಿಕ್ಸ್ ಎಂದು ನಾವು ಕರೆಯುವ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಈ ಆಸ್ಪತ್ರೆಯ ಅಂಗಳದಲ್ಲಿ. ಆ ಊರಿಗೆ ಹೋಗುವವರೆಗೆ ಇದು ನನಗೆ ಗೊತ್ತಿರಲಿಲ್ಲ.

ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಜರ್ಮನಿಯ ಯಹೂದಿ. ಹಿಟ್ಲರನ ಕಾಟದಿಂದ ಪಾರಾಗಿ 1939ರಲ್ಲಿ ಹೆಂಡತಿ ಮಕ್ಕಳ ಜೊತೆ ಇಂಗ್ಲೆಂಡಿಗೆ ಬಂದರು. 1944ರಲ್ಲಿ ಇಲ್ಲಿ ಬೆನ್ನುಹುರಿಗೆ ಪೆಟ್ಟಾದವರ ವಿಭಾಗ ತೆರೆದರು. ಯುದ್ಧದಲ್ಲಿ ಗಾಯಗೊಂಡು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕರನ್ನು ಆಗೆಲ್ಲ ಹಾಸಿಗೆಯಲ್ಲಿ ಮಲಗಿಸಿ ಸಾವಿಗೆ ಕಾಯುತ್ತಿದ್ದರು. ಬೆನ್ನಿನ ಹುಣ್ಣು ಕೀವಾಗಿ, ಮೂತ್ರದ ಸೋಂಕು ತಗುಲಿ ಜೀವ ಹೋಗುತ್ತಿತ್ತು. ಗುಟ್‌ಮನ್ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು. ಅಷ್ಟು ಸರಳ, ಅಷ್ಟು ಕಷ್ಟ. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡ ಮನೆಯವರಿಗೆ ಇದರ ಕಷ್ಟ ಗೊತ್ತು. ರೋಗಿಗಳು ಬದುಕಿದರು. ಬದುಕಿದ ಮೇಲೆ ಅವರಿಗೆ ಆಟ ಬೇಕು ಎಂದರು ಗುಟ್‌ಮನ್. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆಸ್ಪತ್ರೆಯ ಹುಲ್ಲಿನ ಮೇಲೆ ಗಾಲಿಕುರ್ಚಿಯಲ್ಲಿ ಕೂತ 16 ಮಂದಿ ಬಿಲ್ಲುಗಾರಿಕೆಯ ಪಂದ್ಯ ಆಡಿದರು. ಹದಿನಾಲ್ಕು ಗಂಡಸರು, ಇಬ್ಬರು ಹೆಂಗಸರು. ಇಷ್ಟೇ ಆರಂಭ. 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆದಾಗ 23 ದೇಶಗಳ ಸುಮಾರು 400 ಆಟಗಾರರು ಬಂದಿದ್ದರು.

2012ರ ಲಂಡನ್ ಪ್ಯಾರಾಲಿಂಪಿಕ್ಸ್ ಕೂಟಕ್ಕೆ ಜ್ಯೋತಿಯನ್ನು ಹೊತ್ತಿಸಿದ ಬಗೆ ನನಗೆ ತುಂಬ ಇಷ್ಟ. ಒಲಿಂಪಿಕ್ಸ್ ಜ್ಯೋತಿಯನ್ನು ಗ್ರೀಸ್ ದೇಶದಿಂದ ತರುತ್ತಾರೆ. ಇದನ್ನು ಹಾಗೆ ಮಾಡಲಿಲ್ಲ. ಆಗಸ್ಟ್ 22ರಂದು ಬ್ರಿಟನ್ನಿನ ನಾಲ್ಕು ನಾಡುಗಳ ಅತಿ ಎತ್ತರದ ಬೆಟ್ಟಗಳ ತುದಿಯಲ್ಲಿ ಕಿಡಿ ಹಾರಿಸಿ ಬೆಂಕಿ ಮಾಡಿದರು. ಇಂಗ್ಲೆಂಡಿನ ಸ್ಕಾಫೆಲ್ ಪೈಕ್, ಸ್ಕಾಟ್ಲೆಂಡಿನ ಬೆನ್ ನೆವಿಸ್, ವೇಲ್ಸ್‌ನ ಸ್ನೋಡನ್, ಉತ್ತರ ಐರ್ಲೆಂಡಿನ ಸ್ಲೀವ್ ಡೊನಾರ್ಡ್. ಹತ್ತಿದವರು ಸ್ಕೌಟ್ ಹುಡುಗ ಹುಡುಗಿಯರು, ಅಂಗವಿಕಲರು ಮತ್ತು ಅಲ್ಲದವರು ಜೊತೆಯಾಗಿ. ಆ ಬೆಂಕಿಯನ್ನು ಗಣಿ ಕೆಲಸಗಾರರ ಲಾಂದ್ರದಲ್ಲಿಟ್ಟು ಕೆಳಗಿಳಿಸಿದರು. ನಾಲ್ಕು ರಾಜಧಾನಿಗಳಲ್ಲಿ ಒಂದೊಂದು ದಿನ ಹಬ್ಬ ನಡೆಯಿತು. ಆಗಸ್ಟ್ 28ರ ಸಂಜೆ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ನಾಲ್ಕನ್ನೂ ಸೇರಿಸಿ ಒಂದು ಮಾಡಿದರು. ಅಲ್ಲಿಂದ ಲಂಡನ್ನಿನ ಸ್ಟೇಡಿಯಂವರೆಗೆ 92 ಮೈಲಿ, ರಾತ್ರಿಯಿಡೀ ನಿಲ್ಲದ ನಡಿಗೆ. ಇಪ್ಪತ್ತನಾಲ್ಕು ಗಂಟೆಯ ಲೆಕ್ಕ. ಜ್ಯೋತಿ ಹಿಡಿಯಲು 580 ಜನ, ಐದೈದು ಮಂದಿಯ ಗುಂಪುಗಳು.

ಲೆಕ್ಕ ಹಾಕಿದೆ. ಗಂಟೆಗೆ ಆರು ಕಿಲೋಮೀಟರಿನಷ್ಟು. ನಮ್ಮ ಊರಿನವರು ಸಂತೆಗೆ ಹೊರಟಾಗ ನಡೆಯುವ ವೇಗ ಅದು.

ಅಂದು ಕೆಲಸ ಮುಗಿಸಿ ನೇರ ರಸ್ತೆಗೆ ಬಂದು ನಿಂತೆ. ಆಗಲೇ ಜನ ಸೇರಿದ್ದರು. ಹೆಗಲ ಮೇಲೆ ಮಕ್ಕಳು, ಕೈಯಲ್ಲಿ ಪುಟ್ಟ ಬಾವುಟಗಳು. ಹೇಳಿದ ಹೊತ್ತಿಗೆ ಜ್ಯೋತಿ ಬರಲಿಲ್ಲ. ಕತ್ತಲಾಯಿತು, ಚಳಿ ಹತ್ತಿತು. ಯಾರೂ ಮನೆಗೆ ಹೋಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮೊದಲು ನನಗೆ ಕೊಟ್ಟರು. ಹಿಂದೆ ಆ ಆಸ್ಪತ್ರೆಯಲ್ಲಿ ಅಡುಗೆ ಕೆಲಸ ಮಾಡಿದ್ದರಂತೆ.

ಆಮೇಲೆ ದೂರದಲ್ಲಿ ಚಪ್ಪಾಳೆ ಎದ್ದಿತು. ಅದು ರಸ್ತೆಯುದ್ದಕ್ಕೂ ನಮ್ಮ ಕಡೆಗೆ ಹರಿದು ಬಂತು.

ಐದು ಜನ. ನಡುವೆ ಗಾಲಿಕುರ್ಚಿಯಲ್ಲಿ ಒಬ್ಬ ಯುವಕ. ಅವನ ಕುರ್ಚಿಯ ತೋಳಿಗೆ ಒಂದು ಹಿಡಿಕೆ ಕೂರಿಸಿ ಪಂಜನ್ನು ಅದರಲ್ಲಿ ನಿಲ್ಲಿಸಿದ್ದರು. ಎರಡೂ ಕೈ ಗಾಲಿ ತಿರುಗಿಸಲು ಬೇಕಲ್ವಾ? ಒಂದು ಪಕ್ಕದಲ್ಲಿ ಬಿಳಿ ಕೋಲಿನ ಹೆಂಗಸು ಇನ್ನೊಬ್ಬರ ಮೊಣಕೈ ಹಿಡಿದು ನಡೆಯುತ್ತಿದ್ದರು. ಇನ್ನೊಂದು ಪಕ್ಕದಲ್ಲಿ ಇಬ್ಬರು. ಪಂಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೈಯಲ್ಲಿ ಬೀದಿದೀಪಗಳು ಕಾಣುತ್ತಿದ್ದವು, ನಮ್ಮ ಮುಖಗಳೂ ಉದ್ದುದ್ದ ಎಳೆದಂತೆ ಕಾಣುತ್ತಿದ್ದವು.

ನಮ್ಮ ಮುಂದೆ ಬರುವಾಗ ರಸ್ತೆಯಲ್ಲಿ ಒಂದು ಸಣ್ಣ ಉಬ್ಬು. ಕುರ್ಚಿ ತಡೆಯಿತು. ಯಾರೂ ಹಿಂದಿನಿಂದ ತಳ್ಳಲು ಬರಲಿಲ್ಲ. ನಾಲ್ವರೂ ನಿಂತರು, ಅಷ್ಟೇ. ಯುವಕ ಎರಡು ಅಡಿ ಹಿಂದೆ ಬಂದ, ಗಾಲಿ ನೇರ ಮಾಡಿದ, ಜೋರಾಗಿ ಒತ್ತಿ ಉಬ್ಬು ದಾಟಿದ. ಜ್ವಾಲೆ ಒಮ್ಮೆ ಓಲಾಡಿ ಮತ್ತೆ ನೆಟ್ಟಗಾಯಿತು. ನಾಲ್ವರೂ ಅವನ ಜೊತೆಗೆ ಹೊರಟರು. ಅಷ್ಟು ಹೊತ್ತು ಇಡೀ ಮೆರವಣಿಗೆ, ಹಿಂದಿನ ವಾಹನಗಳು, ಪೊಲೀಸರು, ಎಲ್ಲರೂ ಕಾದರು. ಯಾರ ಮುಖದಲ್ಲೂ ಅವಸರ ಇರಲಿಲ್ಲ.

ಅಲ್ಲೇ ನನಗೆ ನಮ್ಮ ಮೈದಾನ ಕಾಣಿಸಿತು. ಸುಣ್ಣದ ಗೆರೆ, ಅದರ ಆಚೆ ಎಣ್ಣೆ ಕೈ ಒರೆಸಿಕೊಳ್ಳುತ್ತಿದ್ದ ಹುಡುಗ. ನಾನು ಅಂದು ನಿಧಾನವಾಗಿ ನಡೆದಿದ್ದರೆ ಸಾಕಿತ್ತು. ಅತಿಥಿಗಳು ಇನ್ನೊಂದು ಹತ್ತು ನಿಮಿಷ ನಿಂತಿರುತ್ತಿದ್ದರು. ಅಷ್ಟೇ ತಾನೇ? ಅಜ್ಜಿ ನನ್ನ ಮುಖ ನೋಡಿ ಏನೂ ಕೇಳದೆ ಇನ್ನೊಂದು ಲೋಟ ಚಹಾ ಕೊಟ್ಟರು.

ಮರುದಿನ ರಾತ್ರಿ ಉದ್ಘಾಟನೆಯನ್ನು ಟಿವಿಯಲ್ಲಿ ನೋಡಿದೆ. ದೊಡ್ಡ ಜ್ಯೋತಿಯನ್ನು ಬೆಳಗಿಸಿದವರು ಮಾರ್ಗರೆಟ್ ಮಾನ್. 1959ರಲ್ಲಿ ಆಫ್ರಿಕಾದ ಮಲಾವಿಯಲ್ಲಿ ರಸ್ತೆ ಅಪಘಾತವಾಗಿ, ಸ್ಟೋಕ್ ಮ್ಯಾಂಡೆವಿಲ್‌ಗೆ ಬಂದು, ಅಲ್ಲೇ ಬಿಲ್ಲು ಹಿಡಿಯಲು ಕಲಿತವರು. ಮರುವರ್ಷವೇ ರೋಮ್‌ನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ಬಂದ ಮೊದಲ ಚಿನ್ನ ಅದು. ಗೆದ್ದಿದ್ದು ಅವರಿಗೇ ಗೊತ್ತಿರಲಿಲ್ಲವಂತೆ! ಬಸ್ಸಿನಲ್ಲಿ ಕೂತಿದ್ದವರನ್ನು ಪದಕ ತೆಗೆದುಕೊಳ್ಳಲು ಮತ್ತೆ ಕರೆದರಂತೆ. ಐವತ್ತೆರಡು ವರ್ಷದ ಮೇಲೆ ಗಾಲಿಕುರ್ಚಿಯಲ್ಲೇ ಬಂದು ಅವರು ಜ್ಯೋತಿ ಮುಟ್ಟಿಸಿದಾಗ ನಾನು ಒಬ್ಬನೇ ರೂಮಿನಲ್ಲಿ ಎದ್ದು ನಿಂತಿದ್ದೆ.

ಸೆಪ್ಟೆಂಬರ್ 3ರಂದು ನಮ್ಮ ಹಾಸನ ಜಿಲ್ಲೆಯ ಗಿರೀಶ ಅದೇ ಕ್ರೀಡಾಂಗಣದಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದರು. ಎಚ್.ಎನ್. ಗಿರೀಶ, ಎಡಗಾಲಿನ ಊನ ಹುಟ್ಟಿನಿಂದಲೇ. ಚಿನ್ನ ಗೆದ್ದ ಫಿಜಿಯ ಇಲಿಯೇಸ ಡೆಲಾನ ಜಿಗಿದಿದ್ದೂ ಅಷ್ಟೇ ಎತ್ತರ. ತಪ್ಪಿದ ಪ್ರಯತ್ನಗಳ ಲೆಕ್ಕದಲ್ಲಿ ಚಿನ್ನ ಕೈತಪ್ಪಿತು. ಆ ಸಲ ಭಾರತಕ್ಕೆ ಬಂದಿದ್ದು ಇದೊಂದೇ ಪದಕ. ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ನಮ್ಮ ಜಿಲ್ಲೆಯವರು ಎಂದು ಹೇಳಿಕೊಂಡು ತಿರುಗಿದೆ.

ಆ ವರ್ಷದಿಂದ ಈಚೆಗೆ ಪ್ರತಿ ಪ್ಯಾರಾಲಿಂಪಿಕ್ಸ್ ಜ್ಯೋತಿಯಲ್ಲೂ ಸ್ಟೋಕ್ ಮ್ಯಾಂಡೆವಿಲ್‌ನ ಬೆಂಕಿಗೆ ಪಾಲು ಉಂಟು. 2024ರ ಪ್ಯಾರಿಸ್ ಕೂಟಕ್ಕೆ ಅಲ್ಲೇ ಹೊತ್ತಿಸಿ ಸಮುದ್ರದ ಕೆಳಗಿನ ಸುರಂಗದಲ್ಲಿ ಫ್ರಾನ್ಸಿಗೆ ಕೊಂಡೊಯ್ದರು.

2012ರ ಡಿಸೆಂಬರಿನಲ್ಲಿ ರಜೆಗೆ ಊರಿಗೆ ಬಂದೆ. ಬಸ್‌ಸ್ಟ್ಯಾಂಡಿನ ಹತ್ತಿರ ಗೆಳೆಯನ ಅಂಗಡಿ ಇದೆ. ಮಿಕ್ಸಿ, ಫ್ಯಾನು, ಮೋಟಾರು ರಿಪೇರಿ. ಮಾತಿಗೆ ಶುರು ಮಾಡುವುದು ಹೇಗೆಂದು ತಿಳಿಯದೆ ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, ಕೈ ಒರೆಸಿಕೊಂಡು, ಫೋಟೊ ದೊಡ್ಡದು ಮಾಡಿದ. ಜ್ವಾಲೆಯನ್ನಲ್ಲ, ಕುರ್ಚಿಯ ತೋಳಿಗೆ ಕೂರಿಸಿದ್ದ ಹಿಡಿಕೆಯನ್ನು ನೋಡಿದ.

'ಚೆನ್ನಾಗಿ ಮಾಡಿದಾರೆ ಕಣೋ. ಎಣ್ಣೆ ಹಾಕ್ತಾರಾ?'

'ಇಲ್ಲ, ಒಳಗೆ ಗ್ಯಾಸ್ ಇರುತ್ತೆ.'

ತಲೆಯಾಡಿಸಿದ. ನಾನು ಕೊನೆಗೂ ಹೇಳಿದೆ. ಅವತ್ತು ನಿನ್ನನ್ನ ಕರೀಬೇಕಿತ್ತು, ತಪ್ಪಾಯ್ತು ಎಂದೆ. ಅವನು ಸ್ವಲ್ಪ ಹೊತ್ತು ಫೋನನ್ನೇ ನೋಡಿದ. ಆಮೇಲೆ ಕೇಳಿದ.

'ಒಂದು ಸುತ್ತು ಓಡೋಕೆ ಎಣ್ಣೆ ಎಷ್ಟು ಬೇಕು ಅಂತ ನಂಗೆ ಹೆಂಗೆ ಗೊತ್ತಾಗ್ತಿತ್ತು ಅಂದ್ಕೊಂಡೆ?'

ಕ್ರೀಡಾಕೂಟದ ಹಿಂದಿನ ಸಂಜೆ, ನಾವೆಲ್ಲ ಮನೆಗೆ ಹೋದ ಮೇಲೆ, ಅವನು ಪಂಜು ಹೊತ್ತಿಸಿಕೊಂಡು ಮೈದಾನ ಪೂರ್ತಿ ಒಂದು ಸುತ್ತು ಹಾಕುತ್ತಿದ್ದನಂತೆ. ಎರಡು ವರ್ಷವೂ. ಕ್ಯಾಲಿಪರ್ ಹಾಕಿದ ಕಾಲು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪಂಜು. ಶಾಲೆಯ ಅಟೆಂಡರ್ ಒಬ್ಬರೇ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರಂತೆ.

'ನನ್ನ ಸುತ್ತು ಮುಗಿಯೋವರೆಗೂ ಉರಿದ್ರೆ ನಿಮ್ದು ಆರಲ್ಲ ಅಂತ ಗೊತ್ತಿತ್ತು' ಎಂದು ಹೇಳಿ ಫೋನ್ ನನ್ನ ಕೈಗೆ ಕೊಟ್ಟ.